ಎಂಟು ಹಾಕೋದಕ್ಕೂ ಮುಂಚಿನ ಪಾಠ

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ಭದ್ರಾವತಿಯಿಂದ ಅಮ್ಮನ ಫೋನು. "ಲೋ, ನಾನು ಟೂ ವೀಲರ್ ಲೈಸೆನ್ಸ್ ಮಾಡಿಸ್ತೀನಿ ಕಣೋ. ಎಲ್ಎಲ್ಲು ಮನೇಲೇ ಕೂತು ಆನ್‌ಲೈನಲ್ಲಿ ಆಗುತ್ತಂತೆ, ಅದೇನು ನೋಡು."

ಅಮ್ಮನಿಗೆ ಆಗ ಐವತ್ತೊಂದು. ಸೈಕಲ್ ಬಿಟ್ಟು ಬೇರೆ ಗಾಡಿ ಮುಟ್ಟಿದವಳಲ್ಲ. ಮೊದಲು ನಗು ಬಂತು, ಆಮೇಲೆ ನಿಂತುಹೋಯ್ತು. ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿ ಆರು ತಿಂಗಳಾಗಿತ್ತು. ಸ್ಕೂಟರ್ ನಿಂತಲ್ಲೇ ನಿಂತು ಧೂಳು ಹಿಡಿದಿತ್ತು. ಔಷಧಿ, ಫಿಸಿಯೋಥೆರಪಿ ಅಂತ ಏನೇ ಆದರೂ ಪಕ್ಕದ ಮನೆ ಹುಡುಗ ಬರೋವರೆಗೂ ಕಾಯಬೇಕು. ಮಗ ಅನ್ನಿಸಿಕೊಂಡವನು ಬೆಂಗಳೂರಲ್ಲಿ ಕೋಡ್ ಬರೀತಾ ಕೂತಿರ್ತಾನೆ...

ಅರ್ಜಿ ತುಂಬೋಕೆ ಕೂತವನು ದಾರಿ ತಪ್ಪಿ ಮೋಟಾರು ವಾಹನ ಕಾಯ್ದೆ, ಅದರ ನಿಯಮಗಳು ಎಲ್ಲಾ ಓದೋಕೆ ಶುರು ಮಾಡಿದೆ (ಇಂಜಿನಿಯರುಗಳಿಗೆ ಇದೊಂದು ಕಾಯಿಲೆ, ಕೆಲಸ ಬಿಟ್ಟು ಮ್ಯಾನ್ಯುಯಲ್ ಓದೋದು). ನಮ್ಮಲ್ಲಿ ಗಾಡಿ ಕಲಿಸಿದ್ದು ಯಾರು, ರಸ್ತೆ ನಿಯಮ ಕಲಿಸಿದ್ದು ಯಾರು ಅಂತ ಹುಡುಕಿದರೆ ಎರಡಕ್ಕೂ ಉತ್ತರ ಬೇರೆ ಬೇರೆ.

ನಮ್ಮ ಮನೆಯಿಂದಲೇ ಶುರು ಮಾಡ್ತೀನಿ. ಅಮ್ಮನ ಅಪ್ಪ, ಅಂದರೆ ನನ್ನ ಅಜ್ಜ, ಲಾರಿ ಡ್ರೈವರ್. ಬೆಂಕಿಪುರ ಅಂತ ಕರೆಸಿಕೊಳ್ಳುತ್ತಿದ್ದ ಊರು ಭದ್ರಾವತಿಯಾಗಿ, 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿ, 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂದ ಮೇಲೆ ಕಾಡಿನಿಂದ ಊರಿಗೆ ಮರ, ಬಿದಿರು ಹೊರೋದೇ ಒಂದು ದೊಡ್ಡ ಕಸುಬಾಯಿತು. ಅಜ್ಜ 1950ರ ದಶಕದ ಕೊನೆಯಲ್ಲಿ ಬಿದಿರಿನ ಲಾರಿಗೆ ಕ್ಲೀನರ್ ಆಗಿ ಸೇರಿದ್ದು, ಹದಿನಾರೋ ಹದಿನೇಳೋ ವಯಸ್ಸು. ಲಾರಿ ತೊಳೆಯೋದು, ರೇಡಿಯೇಟರಿಗೆ ನೀರು ಹಾಕೋದು, ಹ್ಯಾಂಡಲ್ ತಿರುಗಿಸಿ ಇಂಜಿನ್ ಎಬ್ಬಿಸೋದು, ಏರಿನಲ್ಲಿ ಲಾರಿ ನಿಂತರೆ ಇಳಿದು ಓಡಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡೋದು. ಡ್ರೈವರನ್ನ "ಗುರು" ಅಂತಲೇ ಕರೀತಿದ್ದರಂತೆ. ಎರಡು ಮೂರು ವರ್ಷ ಹೀಗೆ ಕಳೆದ ಮೇಲೆ, ಗುರುವಿಗೆ ಮನಸ್ಸು ಬಂದ ದಿನ ಸ್ಟೇರಿಂಗ್ ಕೈಗೆ. ಮಲೆನಾಡಿನ ನಿಜವಾದ ಡ್ರೈವಿಂಗ್ ಸ್ಕೂಲ್ ಅದೇ. ಫೀಸಿಲ್ಲ, ಬೋರ್ಡಿಲ್ಲ, ಬೈಗುಳ ಮಾತ್ರ ಧಾರಾಳ.

ಆ ಶಾಲೆಯಲ್ಲಿ ಕೈಕಾಲಿನ ಪಾಠ ಪಕ್ಕಾ. ರಸ್ತೆ ಚಿಹ್ನೆ, ಯಾರಿಗೆ ಯಾರು ದಾರಿ ಬಿಡಬೇಕು ಅನ್ನೋ ಪಾಠ ಇರಲಿಲ್ಲ. ಕಾಡಿನ ರಸ್ತೆಯಲ್ಲಿ ಚಿಹ್ನೆಗಳಾದರೂ ಎಲ್ಲಿದ್ದವು ಬಿಡಿ. ಆದರೆ ಒಂದು ನಿಯಮ ಅಜ್ಜನಿಗೆ ಚೆನ್ನಾಗಿ ಗೊತ್ತಿತ್ತು. ಗೇಟಿಲ್ಲದ ಕಡೆ ರೈಲು ಹಳಿ ಅಡ್ಡ ಬಂದರೆ ಲಾರಿ ನಿಲ್ಲಬೇಕು, ಕ್ಲೀನರ್ ಇಳಿದು ಹಳಿವರೆಗೂ ನಡೆದು ಎರಡೂ ಕಡೆ ನೋಡಿ ಕೈ ಬೀಸಬೇಕು. ಬೀರೂರು–ಶಿವಮೊಗ್ಗ ರೈಲು ಮಾರ್ಗ, ಅದರ ಜೊತೆ ಕಾರ್ಖಾನೆಯ ಟ್ರಾಮ್ ಹಳಿಗಳು ಬೇರೆ. ಊರಿನ ಸುತ್ತ ಹಳಿಗೇನೂ ಬರ ಇರಲಿಲ್ಲ. ಇಳಿದು ನೋಡೋದೇ ತನ್ನ ಮುಖ್ಯ ಕೆಲಸ ಅಂತ ಅಜ್ಜ ಮಕ್ಕಳಿಗೆ ಕಥೆ ಹೇಳ್ತಿದ್ದರಂತೆ. ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ಬರುತ್ತೆ.

ಕಾಯ್ದೆಯ ಕಡೆ ನೋಡಿದರೆ ಕಥೆ ಇನ್ನೂ ಹಳೆಯದು. ಬ್ರಿಟನ್ನಿನಲ್ಲಿ 1904ರಿಂದಲೇ ಲೈಸೆನ್ಸ್ ಇತ್ತು, ಆದರೆ ಐದು ಶಿಲಿಂಗ್ ಕೊಟ್ಟರೆ ಸಾಕು, ಪರೀಕ್ಷೆ ಇಲ್ಲ! ಪರೀಕ್ಷೆ ಕಡ್ಡಾಯ ಆಗಿದ್ದು 1935ರ ಜೂನ್ 1ರಂದು. ಪ್ರತ್ಯೇಕ ಥಿಯರಿ ಪರೀಕ್ಷೆ ಬರೋಕೆ ಅಲ್ಲಿ 1996 ಆಗಬೇಕಾಯ್ತು. ಬ್ರಿಟಿಷ್ ಇಂಡಿಯಾಕ್ಕೆಲ್ಲ ಸೇರಿ 1914ರಲ್ಲಿ ಒಂದು ಮೋಟಾರು ಕಾಯ್ದೆ ಬಂತು, ನಂತರ 1939ರದ್ದು, ಈಗ ಇರೋದು 1988ರದ್ದು. ಇದು ಜಾರಿಗೆ ಬಂದಿದ್ದು 1989ರ ಜುಲೈ 1ರಂದು. ಬ್ರಿಟನ್ನಿನ ಆ ಮೊದಲ ಪರೀಕ್ಷೆಯಲ್ಲಿ ಇಪ್ಪತ್ತೈದು ಗಜ ದೂರದಿಂದ ನಂಬರ್ ಪ್ಲೇಟ್ ಓದಿಸುತ್ತಿದ್ದರು. ನಮ್ಮ ಫಾರಂ 1ರಲ್ಲಿ ಇಪ್ಪತ್ತೈದು ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತಾ ಅಂತ ಕೇಳ್ತಾರೆ. ಗಜ ಹೋಗಿ ಮೀಟರ್ ಬಂತು, ಇಪ್ಪತ್ತೈದು ಹಾಗೇ ಉಳೀತು :-)

ನನಗೆ ಬಹಳ ಖುಷಿ ಕೊಟ್ಟಿದ್ದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. 24ನೇ ನಿಯಮದಲ್ಲಿ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಏನೇನಿರಬೇಕು ಅಂತ ಪಟ್ಟಿ ಇದೆ. ಕಪ್ಪು ಹಲಗೆ, ಸಿಗ್ನಲ್ ಮಾದರಿಗಳಿರುವ ರಸ್ತೆ ನಕ್ಷೆ, ಚಿಹ್ನೆಗಳ ಚಾರ್ಟ್, ಇಂಜಿನ್ನು ಗೇರ್ ಬಾಕ್ಸು, ಪಂಚರ್ ಕಿಟ್, ಸ್ಪ್ಯಾನರ್ ಸೆಟ್, ಬೆಂಚು ಮೇಜು, ಪುಸ್ತಕಗಳ ಲೈಬ್ರರಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಲೈಬ್ರರಿ! 31ನೇ ನಿಯಮದಲ್ಲಿ ಪಠ್ಯಕ್ರಮ: ಸ್ವಂತ ಗಾಡಿ ಓಡಿಸೋರಿಗೆ ಕನಿಷ್ಠ 21 ದಿನ, ಅದರಲ್ಲಿ ಹತ್ತು ಗಂಟೆ ಸ್ಟೇರಿಂಗ್ ಹಿಡಿದಿರಬೇಕು. ಜೊತೆಗೆ ಚಾಲನೆಯ ಥಿಯರಿ, ಸಂಚಾರ ನಿಯಮ, ಪ್ರಥಮ ಚಿಕಿತ್ಸೆ. 15ನೇ ನಿಯಮದ ಚಾಲನಾ ಪರೀಕ್ಷೆಯ ಪಟ್ಟಿಯೂ ಚಂದ ಇದೆ: ಕನ್ನಡಿ ಸರಿಮಾಡಿಕೊಳ್ಳೋದು, ಕಡಿದಾದ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡೋದು, ಇಳಿಜಾರಿನಲ್ಲಿ ಬೇಗ ಕೆಳಗಿನ ಗೇರಿಗೆ ಬರೋದು. ಆಗುಂಬೆ ಘಾಟಿ ನೋಡಿದವರೇ ಬರೆದಿರಬೇಕು ಅನ್ನಿಸುತ್ತೆ.

ಈಗ ನನ್ನ ಕಥೆ. ಹದಿನೆಂಟು ತುಂಬಿದ ವರ್ಷ ಶಿವಮೊಗ್ಗದ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಹೆಸರು ಬೇಡ. ಒಂದು ಹಳೇ ಮಾರುತಿ, ಒಂದು ಟೇಬಲ್ಲು, ಗೋಡೆ ಮೇಲೆ ಬಿಸಿಲಿಗೆ ಮಾಸಿದ ಚಿಹ್ನೆಗಳ ಚಾರ್ಟ್. ಎಲ್ಎಲ್ ಪರೀಕ್ಷೆಯ ದಿನ ಬೆಳಿಗ್ಗೆ ಐದು ನಿಮಿಷದ ಪಾಠ: "ತ್ರಿಕೋನ ಬಂದ್ರೆ ಎಚ್ಚರಿಕೆ, ರೌಂಡ್ ಬಂದ್ರೆ ಕಡ್ಡಾಯ, ಚೌಕ ಬಂದ್ರೆ ಮಾಹಿತಿ. ಗೊತ್ತಾಗ್ಲಿಲ್ಲ ಅಂದ್ರೆ ಉದ್ದ ಇರೋ ಉತ್ತರ ಒತ್ತು." ಪಾಸಾದೆ. ಆಮೇಲೆ ಎಂಟು ಹಾಕಿದೆ, ಕಾರನ್ನ ಹಿಂದೆ ಮುಂದೆ ಮಾಡಿದೆ, ಲೈಸೆನ್ಸ್ ಬಂತು. ಸರ್ಕಲ್ಲಿನಲ್ಲಿ ಬಲಗಡೆಯಿಂದ ಬರೋರಿಗೆ ದಾರಿ ಬಿಡಬೇಕು ಅನ್ನೋದು ನನಗೆ ಗೊತ್ತಾಗಿದ್ದು ನಾಲ್ಕು ವರ್ಷದ ನಂತರ, ಬೆಂಗಳೂರಿನಲ್ಲಿ ಒಬ್ಬರ ಬೈಕಿಗೆ ಗುದ್ದಿದ ಮೇಲೆ. ಅವರ ಮಣಿಕಟ್ಟು ಮುರಿದಿತ್ತು. ಆಸ್ಪತ್ರೆಯಲ್ಲಿ ಅವರು ನನಗೆ ಬೈಯಲಿಲ್ಲ, "ನಿಮಗೆ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ವಾ" ಅಂದರು ಅಷ್ಟೆ. ಅದು ಇನ್ನೂ ಚುಚ್ಚುತ್ತೆ.

ಅಂದರೆ ಅಜ್ಜನ ಕಾಲದಲ್ಲಿ ಇಲ್ಲದ ಪಾಠ ನನ್ನ ಕಾಲದಲ್ಲಿ ಕಾಗದದ ಮೇಲೆ ಮಾತ್ರ ಇತ್ತು.

ಆನ್‌ಲೈನ್ ಬಂದಿದ್ದು ಈ ಜಾಗಕ್ಕೆ. ಎನ್‌ಐಸಿಯವರ ಸಾರಥಿ ತಂತ್ರಾಂಶ ಮೊದಲೇ ಇತ್ತು. 2021ರ ಮಾರ್ಚ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಆಧಾರ್ ಮೂಲಕ 18 ಸೇವೆಗಳನ್ನು ಕಚೇರಿಗೆ ಹೋಗದೇ ಪಡೆಯುವ ಹಾಗೆ ಮಾಡಿತು, ಅದರಲ್ಲಿ ಎಲ್ಎಲ್ ಒಂದು. ಮನೆಯಲ್ಲೇ ಕೂತು ರಸ್ತೆ ಸುರಕ್ಷತೆಯ ವಿಡಿಯೋ ನೋಡಬೇಕು, ನಂತರ ಕ್ಯಾಮೆರಾ ಮುಂದೆ ಪರೀಕ್ಷೆ. ನೂರಕ್ಕೆ ಅರವತ್ತು ಬಂದರೆ ಪಾಸು, ಕನ್ನಡದಲ್ಲೂ ಬರೀಬಹುದು. ಅದೇ ವರ್ಷ ಜುಲೈನಿಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮವೂ ಬಂತು. ಕಾರಿಗೆ ನಾಲ್ಕು ವಾರದಲ್ಲಿ 29 ಗಂಟೆ, ಅದರಲ್ಲಿ ಎಂಟು ಗಂಟೆ ಥಿಯರಿ. ಅಲ್ಲಿ ಪಾಸಾದರೆ ಆರ್‌ಟಿಓದಲ್ಲಿ ಗಾಡಿ ಓಡಿಸಿ ತೋರಿಸಬೇಕಿಲ್ಲ. ಆದರೆ ಕೇಂದ್ರಕ್ಕೆ ಕನಿಷ್ಠ ಒಂದು ಎಕರೆ ಜಾಗ ಬೇಕು. ಒಂದು ಟೇಬಲ್ಲಿನ ಶಾಲೆಯವರು ಎಲ್ಲಿಂದ ತರ್ತಾರೆ? (2024ರಲ್ಲಿ "ಇನ್ನು ಆರ್‌ಟಿಓ ಟೆಸ್ಟೇ ಇಲ್ಲ" ಅಂತ ವಾಟ್ಸಾಪಲ್ಲಿ ಓಡಾಡಿದ್ದು ಸುಳ್ಳು. ಸಚಿವಾಲಯವೇ ಏನೂ ಬದಲಾಗಿಲ್ಲ ಅಂತ ಹೇಳಬೇಕಾಯ್ತು.)

ಮನೆಗೇ ಬಂದ ಪಾಠವನ್ನ ನಾವು ಏನು ಮಾಡಿದ್ವಿ? ಅಮ್ಮನಿಗೆ ನಲವತ್ತು ದಾಟಿದ್ದರಿಂದ ಡಾಕ್ಟರ ಫಾರಂ 1ಎ ಅಪ್‌ಲೋಡ್ ಮಾಡಬೇಕಿತ್ತು. ಸ್ಕ್ಯಾನ್ ಮಾಡಿಸೋಕೆ ಹೋದ ಕಂಪ್ಯೂಟರ್ ಸೆಂಟರಿನಲ್ಲಿ, "ಒಟಿಪಿ ಹೇಳಿ, ಕ್ಯಾಮೆರಾ ಮುಂದೆ ಕೂತಿರಿ ಸಾಕು ಆಂಟಿ, ಉತ್ತರ ನಾವು ಒತ್ತಿಕೊಡ್ತೀವಿ" ಅಂದರಂತೆ. ಅಮ್ಮ ಎದ್ದು ಬಂದಳು. ನಾನು ಕಮ್ಮಿಯೇನಿಲ್ಲ. "ವಾರದ ಮಧ್ಯ ರಜ ಸಿಗಲ್ಲ ಅಮ್ಮ, ಪಕ್ಕದಲ್ಲಿ ಇನ್ನೊಂದು ಫೋನ್ ಇಟ್ಕೋ, ನಾನು ಉತ್ತರ ಹೇಳ್ತೀನಿ" ಅಂದೆ. ಮಣಿಕಟ್ಟು ಮುರಿದವನು ನಾನೇ ಅನ್ನೋದು ಆ ಕ್ಷಣಕ್ಕೆ ನೆನಪಾಗಲೇ ಇಲ್ಲ ನೋಡಿ. ಅಮ್ಮ ಒಂದು ನಿಮಿಷ ಸುಮ್ಮನಿದ್ದಳು. "ನಿಮ್ಮಪ್ಪನ್ನ ಹಿಂದೆ ಕೂರಿಸ್ಕೊಂಡು ಹೋಗೋಳು ನಾನು. ನೀನು ಆವಾಗ್ಲೂ ಫೋನಲ್ಲಿ ಹೇಳ್ತೀಯಾ?"

ಮೊದಲ ಸಲ ಫೇಲ್. ಎರಡು ಉತ್ತರ ಕಮ್ಮಿ. ಕೇಳಿದರೆ, ಪ್ರಶ್ನೆಯ ಕನ್ನಡವೇ ಅರ್ಥ ಆಗಲಿಲ್ಲವಂತೆ. "ಹಿಂದಿಕ್ಕುವುದು ಅಂದ್ರೆ ಹಿಂದೆ ಇಡೋದು ಅನ್ಕೊಂಡೆ. ಓವರ್‌ಟೇಕ್ ಅಂದಿದ್ರೆ ಆಗ್ತಿತ್ತು." ಮತ್ತೆ ದುಡ್ಡು ಕಟ್ಟಿದ್ವಿ. ಈ ಸಲ ಅಮ್ಮ ಹಳೇ ಕ್ಯಾಲೆಂಡರಿನ ಹಿಂದೆ ಚಿಹ್ನೆಗಳನ್ನ ಬರೆದು ಅಡುಗೆಮನೆಯಲ್ಲಿ ಅಂಟಿಸಿದಳು. ವಿಡಿಯೋವನ್ನ ಅಪ್ಪನ ಜೊತೆ ಕೂತು ನಿಲ್ಲಿಸಿ ನಿಲ್ಲಿಸಿ ನೋಡಿದಳು. ಅಪ್ಪನಿಗೆ ಮಾತು ತೊದಲುತ್ತೆ, ಆದರೂ ಮೂವತ್ತು ವರ್ಷ ಸ್ಕೂಟರ್ ಓಡಿಸಿದವರು. "ಇದು ನನಗೂ ಗೊತ್ತಿರ್ಲಿಲ್ಲ" ಅಂತ ಎಷ್ಟೋ ಸಲ ಅಂದರಂತೆ. ಅವರ ಹಳೇ ಪುಸ್ತಕದ ಲೈಸೆನ್ಸ್ ಇನ್ನೂ ಬೀರುವಿನಲ್ಲಿದೆ.

ಎರಡನೇ ಸಲ ಪಾಸು! ಒಂದು ಪ್ರಶ್ನೆ, ಕಾವಲಿಲ್ಲದ ರೈಲ್ವೆ ಕ್ರಾಸಿಂಗ್ ಬಂದರೆ ಏನು ಮಾಡಬೇಕು ಅಂತ. 1988ರ ಕಾಯ್ದೆಯ 131ನೇ ಕಲಮಿನಲ್ಲಿ ಉತ್ತರ ಇದೆ: ಗಾಡಿ ನಿಲ್ಲಿಸಿ, ಕಂಡಕ್ಟರೋ ಕ್ಲೀನರೋ ಹಳಿವರೆಗೂ ನಡೆದು ರೈಲು, ಟ್ರಾಲಿ ಬರ್ತಿಲ್ಲ ಅಂತ ನೋಡಬೇಕು, ಬೇರೆ ಯಾರೂ ಇಲ್ಲದಿದ್ದರೆ ಡ್ರೈವರೇ ಇಳೀಬೇಕು. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಅಂಥ ಕ್ರಾಸಿಂಗ್‌ಗಳನ್ನ 2019ರ ಜನವರಿ ಹೊತ್ತಿಗೇ ತೆಗೆದುಹಾಕಿದ್ದಾರೆ ಅಂತ ನಾನು ನನ್ನ ಜ್ಞಾನ ಪ್ರದರ್ಶನ ಮಾಡಿದೆ. ಅಮ್ಮ ಕೇಳಿಸಿಕೊಳ್ಳಲೇ ಇಲ್ಲ. "ಅದಕ್ಕೆ ಓದೋದೇನು ಬಂತು, ಅದು ನಮ್ಮಪ್ಪನ ಕೆಲಸ ಕಣೋ" ಅಂದಳು.

ಎಲ್ಎಲ್ ಬಂದು ಮೂವತ್ತು ದಿನ ಆಗದೆ ಚಾಲನಾ ಪರೀಕ್ಷೆಗೆ ಹೋಗೋ ಹಾಗಿಲ್ಲ. ಆ ಮೂವತ್ತು ದಿನ ಸಂಜೆ ಹೊತ್ತು ಕಾರ್ಖಾನೆ ಕ್ವಾರ್ಟರ್ಸ್ ಕಡೆಯ ಖಾಲಿ ರಸ್ತೆಯಲ್ಲಿ ಚಿಕ್ಕಮ್ಮನ ಮಗಳು ಹಿಂದೆ ಕೂತು ಕಲಿಸಿದಳು. ಎಲ್ ಬೋರ್ಡನ್ನ ಅಪ್ಪ ಎಡಗೈಯಲ್ಲೇ ಕೆಂಪು ಪೇಂಟಿನಲ್ಲಿ ಬರೆದುಕೊಟ್ಟರು, ನಿಯಮದ ಪ್ರಕಾರ 18 ಸೆಂಟಿಮೀಟರ್ ಚೌಕ, ನಾನೇ ಅಳತೆ ಹೇಳಿದ್ದು. ಅಕ್ಷರ ಸ್ವಲ್ಪ ಸೊಟ್ಟ ಇತ್ತು. ಶಿವಮೊಗ್ಗಕ್ಕೆ ಟೆಸ್ಟಿಗೆ ಹೋದ ದಿನ ನಾನು ರಜ ಹಾಕಿ ಹೋಗಿದ್ದೆ. ಎಂಟು ಹಾಕುವಾಗ ಅಮ್ಮ ಒಂದೇ ಒಂದು ಸಲ ಕಾಲು ಊರಿದಳು, ಇನ್‌ಸ್ಪೆಕ್ಟರ್ ಇನ್ನೊಮ್ಮೆ ಹಾಕಿ ಅಂದರು, ಹಾಕಿದಳು. ವಾಪಸ್ ಬರುವಾಗ ಕಾರು ಓಡಿಸ್ತಿದ್ದವನು ನಾನು. ಒಂದು ಸರ್ಕಲ್ ಬಂತು. "ಬಲಗಡೆ ನೋಡು" ಅಂದಳು.