ಒಂದೇ ವಾರ್ಡು, ಎಂಟು ಗುಂಪು: ಅಮೆರಿಕದ ಆಸ್ಪತ್ರೆಗಳಲ್ಲಿ ಯಾರ ಜೊತೆ ಯಾರು?

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೂತಿದ್ದೀರಿ ಅಂದ್ಕೊಂಡಿದ್ದೀನಿ. ಇವತ್ತಿನ ಕಥೆ ಒಂದು ಲೆಕ್ಕದಿಂದ ಶುರುವಾಗುತ್ತೆ.

ಹೋದ ವರ್ಷ ನಮ್ಮಜ್ಜಿಯನ್ನ ಆಸ್ಪತ್ರೆಗೆ ಸೇರಿಸಿದ್ವಿ. ರಾತ್ರಿ ಜೊತೆಗಿರೋ ಪಾಳಿ ನಂದು. ನಿದ್ದೆ ಬರ್ತಿರ್ಲಿಲ್ಲ, ಫೋನಲ್ಲಿ ಚಾರ್ಜ್ ಇರ್ಲಿಲ್ಲ. ಬೆಳಗಾಗೋ ತನಕ ಅಜ್ಜಿ ಮಂಚದ ಹತ್ತಿರ ಯಾರ್ಯಾರು ಬಂದ್ರು ಅಂತ ಸುಮ್ನೆ ಎಣಿಸ್ತಾ ಕೂತೆ. ಡ್ಯೂಟಿ ಡಾಕ್ಟರ್. ಇಬ್ಬರು ನರ್ಸ್. ರಕ್ತ ತೆಗೆಯೋಕೆ ಬಂದ ಲ್ಯಾಬಿನ ಹುಡುಗ. ಗಾಲಿಕುರ್ಚಿ ತಳ್ಳೋ ವಾರ್ಡ್ ಬಾಯ್. ನೆಲ ಒರೆಸೋ ಆಯಾ. ಗಂಜಿ ತಂದ ಅಡುಗೆಮನೆಯ ಅಕ್ಕ. ಫ್ಯಾನ್ ಸರಿ ಮಾಡಿದ ಎಲೆಕ್ಟ್ರಿಷಿಯನ್. ಬಿಲ್ ಹಿಡ್ಕೊಂಡು ಬಂದ ಕೌಂಟರಿನವರು. ಬಾಗಿಲಲ್ಲಿ ಪಾಸ್ ಕೇಳೋ ಸೆಕ್ಯುರಿಟಿ. ಒಟ್ಟು ಹತ್ತು ಜನ.

ಈಗ ಪ್ರಶ್ನೆ. ಈ ಹತ್ತು ಜನ ಸಂಬಳ, ರಜೆ, ಪಾಳಿ ಬಗ್ಗೆ ಮ್ಯಾನೇಜ್‌ಮೆಂಟ್ ಎದುರು ಕೂತು ಮಾತಾಡ್ಬೇಕು ಅಂದ್ರೆ ಎಲ್ಲರೂ ಒಂದೇ ಮೇಜಿನ ಒಂದೇ ಬದಿಯಲ್ಲಿ ಕೂರ್ಬೇಕಾ? ಅಥವಾ ನರ್ಸ್‌ಗಳದ್ದು ಬೇರೆ ಮೇಜು, ಆಯಾಗಳದ್ದು ಬೇರೆ ಮೇಜಾ? ಮತ್ತೆ ಅದನ್ನ ತೀರ್ಮಾನ ಮಾಡೋರು ಯಾರು?

ಅಮೆರಿಕ ಈ ಒಂದು ಪ್ರಶ್ನೆಯ ಮೇಲೆ ದಶಕಗಳ ಕಾಲ ಜಗಳವಾಡಿದೆ. ಮೊದಲು ಅಲ್ಲಿನ ವ್ಯವಸ್ಥೆ ಹೇಗಿದೆ ನೋಡೋಣ. 1935ರ ಕಾರ್ಮಿಕ ಕಾನೂನಿನ ಪ್ರಕಾರ, ಯೂನಿಯನ್ ಬೇಕೋ ಬೇಡವೋ ಎಂದು ನೌಕರರು ಗುಟ್ಟಾಗಿ ಓಟು ಹಾಕುತ್ತಾರೆ. ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ ಎಂಬ ಸರ್ಕಾರಿ ಸಂಸ್ಥೆ ಆ ಚುನಾವಣೆ ನಡೆಸುತ್ತದೆ. ಚುನಾವಣೆ ಅಂದ್ಮೇಲೆ ಮತದಾರರ ಪಟ್ಟಿ ಬೇಕಲ್ವಾ? ಯಾರ್ಯಾರ ಹೆಸರು ಆ ಪಟ್ಟಿಯಲ್ಲಿರಬೇಕು ಎಂಬುದನ್ನು ನಿರ್ಧರಿಸುವುದೇ 'ಬಾರ್ಗೇನಿಂಗ್ ಯೂನಿಟ್'. ಯೂನಿಟ್‌ನಲ್ಲಿ ಬಹುಮತ ಬಂದರೆ, ಬೇಡ ಅಂತ ಓಟು ಹಾಕಿದವರ ಪರವಾಗಿಯೂ ಯೂನಿಯನ್ನೇ ಮಾತಾಡುತ್ತದೆ.

ಪಟ್ಟಿಗೆ ಯಾಕಿಷ್ಟು ಮಹತ್ವ ಅಂತೀರಾ? ಒಂದು ಆಸ್ಪತ್ರೆಯಲ್ಲಿ 100 ನರ್ಸ್‌ಗಳು, 300 ಬೇರೆ ನೌಕರರು ಇದ್ದಾರೆ ಅಂದ್ಕೊಳ್ಳಿ. ನರ್ಸ್‌ಗಳಲ್ಲಿ 70 ಜನಕ್ಕೆ ಯೂನಿಯನ್ ಬೇಕು. ಉಳಿದವರಲ್ಲಿ 90 ಜನಕ್ಕೆ ಮಾತ್ರ ಬೇಕು. ನರ್ಸ್‌ಗಳ ಪಟ್ಟಿ ಬೇರೆಯಾದರೆ ಅವರು ಸಲೀಸಾಗಿ ಗೆಲ್ಲುತ್ತಾರೆ. ಎಲ್ಲರೂ ಒಂದೇ ಪಟ್ಟಿ ಆದರೆ 400ಕ್ಕೆ 160. ಸೋಲು! ಒಬ್ಬರ ಮನಸ್ಸೂ ಬದಲಾಗಿಲ್ಲ, ಗೆರೆ ಎಳೆದ ಜಾಗ ಮಾತ್ರ ಬದಲಾಗಿದೆ. ಅದಕ್ಕೇ ಆಸ್ಪತ್ರೆ ಮಾಲೀಕರು ಸಾಮಾನ್ಯವಾಗಿ ದೊಡ್ಡ ಯೂನಿಟ್ ಕೇಳುತ್ತಿದ್ದರು, ಯೂನಿಯನ್‌ಗಳು ಚಿಕ್ಕದು ಕೇಳುತ್ತಿದ್ದವು.

ಆದರೆ ಈ ಜಗಳ ಆಡೋ ಅದೃಷ್ಟವೂ ಬಹಳ ಕಾಲ ಆಸ್ಪತ್ರೆ ನೌಕರರಿಗೆ ಇರಲಿಲ್ಲ. 1947ರ ಟಾಫ್ಟ್-ಹಾರ್ಟ್ಲಿ ಕಾಯ್ದೆ, ಲಾಭಕ್ಕಾಗಿ ನಡೆಸದ ಆಸ್ಪತ್ರೆಗಳನ್ನು ಈ ಕಾನೂನಿನಿಂದಲೇ ಹೊರಗಿಟ್ಟಿತು. ಆಸ್ಪತ್ರೆ ಅಂದರೆ ಸೇವೆ, ದಾನಧರ್ಮದ ಜಾಗ, ಅಲ್ಲಿ ಯೂನಿಯನ್ ಯಾಕೆ ಎಂಬ ಧೋರಣೆ.

ಆ ಸೇವೆಯ ಖರ್ಚನ್ನ ಯಾರು ಹೊರ್ತಿದ್ರು ಗೊತ್ತಾ? ನ್ಯೂಯಾರ್ಕ್‌ನಲ್ಲಿ ಬಟ್ಟೆ ಒಗೆಯೋರು, ಅಡುಗೆಯವರು, ಆಯಾಗಳು. ಹೆಚ್ಚಿನವರು ಕಪ್ಪು ಮತ್ತು ಪೋರ್ಟೊ ರಿಕೊ ಮೂಲದ ಹೆಂಗಸರು. ದಿನವಿಡೀ ದುಡಿದೂ ಕೆಲವರ ಸಂಸಾರ ಸರ್ಕಾರದ ಬಡವರ ಭತ್ಯೆಯಲ್ಲಿ ನಡೀತಿತ್ತು. ಇವರನ್ನು ಸಂಘಟಿಸಿದ್ದು 1199 ಎಂಬ ನಂಬರನ್ನೇ ಹೆಸರಾಗಿಟ್ಟುಕೊಂಡ ಯೂನಿಯನ್. ಅದು ಮೂಲತಃ ಮೆಡಿಕಲ್ ಶಾಪ್ ನೌಕರರ ಸಂಘ. ಅದರ ನಾಯಕ ಲಿಯಾನ್ ಡೇವಿಸ್ ಕೂಡ ಫಾರ್ಮಸಿ ಕೆಲಸದಿಂದ ಬಂದವರು. 1958ರ ಕೊನೆಗೆ ಬ್ರಾಂಕ್ಸ್‌ನ ಮಾಂಟೆಫಿಯೋರ್ ಆಸ್ಪತ್ರೆಯಲ್ಲಿ ಓಟು ನಡೆದಾಗ ಯೂನಿಯನ್ ಪರ 628, ವಿರುದ್ಧ ಬರೀ 31. ಮರುವರ್ಷ ಮೇ ತಿಂಗಳಲ್ಲಿ ನಗರದ ಬೇರೆ ಆಸ್ಪತ್ರೆಗಳಲ್ಲಿ ಸುಮಾರು 3,500 ನೌಕರರು ಮುಷ್ಕರಕ್ಕಿಳಿದರು. ಅದು 46 ದಿನ ನಡೆಯಿತು. ಸಂಬಳ, ಕೆಲಸದ ಅವಧಿ ಸ್ವಲ್ಪ ಸುಧಾರಿಸಿತು. ಯೂನಿಯನ್‌ಗೆ ಮಾನ್ಯತೆ ಮಾತ್ರ ಸಿಗಲಿಲ್ಲ. ಅದಕ್ಕೆ 1963ರ ರಾಜ್ಯ ಕಾನೂನಿನವರೆಗೆ ಕಾಯಬೇಕಾಯಿತು.

ಹತ್ತು ವರ್ಷ ಮುಂದೆ ಹೋಗೋಣ. ಈಗ ದಕ್ಷಿಣಕ್ಕೆ, ಸೌತ್ ಕೆರೊಲಿನಾ ರಾಜ್ಯದ ಚಾರ್ಲ್‌ಸ್ಟನ್ ಊರಿಗೆ. ಮೇರಿ ಮೌಲ್ಟ್ರಿ ಎಂಬಾಕೆ ನ್ಯೂಯಾರ್ಕ್‌ನಲ್ಲಿ ಲೈಸೆನ್ಸ್ ಇರುವ ಪ್ರಾಕ್ಟಿಕಲ್ ನರ್ಸ್ ಆಗಿ ಕೆಲಸ ಮಾಡಿದ್ದರು. ಊರಿಗೆ ಮರಳಿದಾಗ ಅಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆ ಆ ಲೈಸೆನ್ಸನ್ನು ಒಪ್ಪಲಿಲ್ಲ, ನರ್ಸ್ ಸಹಾಯಕಿ ಎಂದು ಸೇರಿಸಿಕೊಂಡಿತು. ಅದೇ ಕೈ, ಅದೇ ಕೆಲಸದ ಅನುಭವ, ಆದರೆ ಹೆಸರು ಬೇರೆ, ಸಂಬಳ ಬೇರೆ. 1969ರ ಮಾರ್ಚ್‌ನಲ್ಲಿ 12 ಜನರನ್ನು ಕೆಲಸದಿಂದ ತೆಗೆದಾಗ ಮೇರಿ ಮುಂದಾಳತ್ವದಲ್ಲಿ ನೂರಾರು ನೌಕರರು ಹೊರಬಂದರು. ಮಾರ್ಟಿನ್ ಲೂಥರ್ ಕಿಂಗ್ ಅವರ ಪತ್ನಿ ಕೊರೆಟ್ಟಾ ಸ್ಕಾಟ್ ಕಿಂಗ್ ಬಂದು ಜೊತೆಗೆ ನಿಂತರು. ಮೂರು ತಿಂಗಳಾದ ಮೇಲೆ ಆ 12 ಜನಕ್ಕೆ ಕೆಲಸ ಮರಳಿ ಸಿಕ್ಕಿತು, ಸಂಬಳವೂ ಏರಿತು. ಯೂನಿಯನ್ ಮಾನ್ಯತೆ ಅಲ್ಲೂ ಇಲ್ಲ.

ಕೊನೆಗೆ 1974ರಲ್ಲಿ ಕಾನೂನು ಬದಲಾಯಿತು. ಲಾಭದ ಉದ್ದೇಶವಿಲ್ಲದ ಖಾಸಗಿ ಆಸ್ಪತ್ರೆಗಳೂ ಕಾರ್ಮಿಕ ಮಂಡಳಿಯ ವ್ಯಾಪ್ತಿಗೆ ಬಂದವು. ಹತ್ತು ಲಕ್ಷಕ್ಕೂ ಹೆಚ್ಚು ನೌಕರರಿಗೆ ಬಾಗಿಲು ತೆರೆಯಿತು. ಆದರೆ ಸಂಸತ್ತಿಗೆ ಒಂದು ಭಯ. ಎಲೆಕ್ಟ್ರಿಷಿಯನ್‌ಗಳದ್ದೊಂದು ಯೂನಿಟ್, ಬಾಯ್ಲರ್ ನೋಡೋರದ್ದೊಂದು, ಎಕ್ಸ್‌ರೇಯವರದ್ದೊಂದು ಅಂತ ಹತ್ತಿಪ್ಪತ್ತಾದರೆ, ಯಾವುದಾದರೂ ಒಂದು ಗುಂಪು ಮುಷ್ಕರ ಹೂಡಿದರೂ ರೋಗಿಗಳ ಗತಿ ಏನು? ಹಾಗಾಗಿ ಮುಷ್ಕರಕ್ಕೆ 10 ದಿನ ಮೊದಲು ನೋಟಿಸ್ ಕೊಡಬೇಕು ಎಂದು ಕಾಯ್ದೆಯಲ್ಲೇ ಬರೆದರು. ಯೂನಿಟ್‌ಗಳು ಬೇಕಾಬಿಟ್ಟಿ ಹೆಚ್ಚಬಾರದು ಎಂಬ ಎಚ್ಚರಿಕೆಯನ್ನು ಮಾತ್ರ ಕಾಯ್ದೆಯಲ್ಲಿ ಬರೆಯಲಿಲ್ಲ, ಸಮಿತಿಗಳ ವರದಿಯಲ್ಲಿ ಬರೆದರು. ಇಷ್ಟೇ ಯೂನಿಟ್ ಇರಬೇಕು ಅಂತ ಸಂಖ್ಯೆಯನ್ನೂ ಹೇಳಲಿಲ್ಲ.

ಆ ಖಾಲಿ ಜಾಗದಲ್ಲೇ ಮುಂದಿನ 15 ವರ್ಷದ ಜಗಳ ಹುಟ್ಟಿದ್ದು. ಒಂದೊಂದು ಆಸ್ಪತ್ರೆಗೂ ಒಂದೊಂದು ಕೇಸು. ನರ್ಸ್‌ಗಳಿಗೆ ಪ್ರತ್ಯೇಕ ಯೂನಿಟ್ ಇರಬಹುದಾ? ಮಂಡಳಿ 1975ರಲ್ಲಿ ಹೌದು ಎಂದಿತು. 1984ಕ್ಕೆ ಬರುವಷ್ಟರಲ್ಲಿ ಮಂಡಳಿಯ ಸದಸ್ಯರು ಬದಲಾಗಿದ್ದರು, ನಿಲುವೂ ಬದಲಾಯಿತು. ಬೇರೆ ಯೂನಿಟ್ ಬೇಕಾದರೆ ನಿಮ್ಮ ಹಿತಾಸಕ್ತಿ ಉಳಿದವರಿಗಿಂತ ತೀರಾ ಬೇರೆ ಅಂತ ಸಾಬೀತು ಮಾಡಿ ಎಂದಿತು. 1987ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಈ ಕೇಸುಗಳು ಮುಗಿಯೋ ತನಕ ಚುನಾವಣೆ ಇಲ್ಲ. ಸಂಘ ಕಟ್ಟಲು ಸಹಿ ಹಾಕಿದ ನೌಕರರು ಅಷ್ಟರಲ್ಲಿ ಕೆಲಸ ಬಿಟ್ಟೋ, ಬೇಸತ್ತೋ ಹೋಗಿರಬಹುದು. ತಡ ಮಾಡೋದೇ ಒಂದು ಗೆಲುವು, ಅಲ್ವಾ?

ಆಗ ಮಂಡಳಿ ಅಪರೂಪದ ಕೆಲಸ ಮಾಡಿತು. ಕೇಸು ಕೇಸಿಗೂ ತೀರ್ಪು ಕೊಡೋದು ಸಾಕು, ಎಲ್ಲಾ ಆಸ್ಪತ್ರೆಗೂ ಒಂದೇ ನಿಯಮ ಮಾಡೋಣ ಎಂದು ಹೊರಟಿತು. 14 ದಿನ ಬಹಿರಂಗ ವಿಚಾರಣೆ ನಡೆಸಿ 144 ಸಾಕ್ಷಿಗಳ ಮಾತು ಕೇಳಿತು. 1989ರಲ್ಲಿ ನಿಯಮ ಬಂತು. ಗಂಭೀರ ಕಾಯಿಲೆಗಳಿಗೆ ಅಲ್ಪಾವಧಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳಲ್ಲಿ ಎಂಟು ಯೂನಿಟ್: ಡಾಕ್ಟರ್‌ಗಳು. ನೋಂದಾಯಿತ ನರ್ಸ್‌ಗಳು. ಫಾರ್ಮಸಿಸ್ಟ್‌ನಂಥ ಇತರ ವೃತ್ತಿಪರರು. ಲ್ಯಾಬ್, ಎಕ್ಸ್‌ರೇಯಂಥ ಕಡೆಯ ಟೆಕ್ನಿಷಿಯನ್‌ಗಳು. ನುರಿತ ರಿಪೇರಿ ಕೆಲಸಗಾರರು. ಆಫೀಸಿನ ಗುಮಾಸ್ತರು. ಸೆಕ್ಯುರಿಟಿ ಗಾರ್ಡ್‌ಗಳು. ಕೊನೆಗೆ, ಇದ್ಯಾವುದಕ್ಕೂ ಸೇರದ ಉಳಿದವರೆಲ್ಲ. ಯೂನಿಯನ್ ಬಯಸಿದರೆ ಕೆಲವು ಗುಂಪುಗಳನ್ನು ಸೇರಿಸಿಕೊಳ್ಳಬಹುದು. ಆದರೆ ಗಾರ್ಡ್‌ಗಳನ್ನು ಮಾತ್ರ ಬೇರೆಯವರ ಜೊತೆ ಸೇರಿಸುವ ಹಾಗಿಲ್ಲ. ಅದು 1947ರ ಕಾಯ್ದೆಯ ಕಟ್ಟಪ್ಪಣೆ.

ನೋಡಿ, ನಮ್ಮಜ್ಜಿ ಮಂಚದ ಹತ್ತಿರ ಬಂದ ಹತ್ತು ಜನರೂ ಈ ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ ಕೂರ್ತಾರೆ. 1959ರಲ್ಲಿ ಬೀದಿಗಿಳಿದ ಬಟ್ಟೆ ಒಗೆಯೋರು, ಅಡುಗೆಯವರು, ಆಯಾಗಳು ಎಲ್ಲಿದ್ದಾರೆ? ಎಂಟನೇದರಲ್ಲಿ. ಬಾಗಿಲು ತಟ್ಟಿ ತೆಗೆಸಿದವರು ಅವರು. ಪಟ್ಟಿಯಲ್ಲಿ ಅವರಿಗೆ ಸಿಕ್ಕ ಹೆಸರು 'ಉಳಿದವರು'. ನಂಗೆ ಇದು ಇವತ್ತಿಗೂ ಚುಚ್ಚುತ್ತೆ.

ಅಮೆರಿಕದ ಆಸ್ಪತ್ರೆಗಳ ಸಂಘ ಸುಮ್ಮನೆ ಕೂರಲಿಲ್ಲ, ಕೋರ್ಟಿಗೆ ಹೋಯಿತು. 'ಪ್ರತಿ ಪ್ರಕರಣದಲ್ಲೂ' ಮಂಡಳಿ ಯೂನಿಟ್ ನಿರ್ಧರಿಸಬೇಕು ಎಂದು ಕಾಯ್ದೆಯಲ್ಲಿದೆ, ಹಾಗಿದ್ದಾಗ ಎಲ್ಲರಿಗೂ ಒಂದೇ ನಿಯಮ ಮಾಡೋದು ಹೇಗೆ ಎಂಬುದು ಅವರ ವಾದ. 1991ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್, ಒಂಬತ್ತೂ ಜನ ಒಮ್ಮತ. ಪ್ರಕರಣ ಬಂದಾಗ ನಿಯಮ ನೋಡಿ ತೀರ್ಮಾನಿಸುವುದೂ ತೀರ್ಮಾನವೇ, ಮಂಡಳಿಗೆ ಆ ಅಧಿಕಾರ ಇದೆ ಎಂದಿತು ಕೋರ್ಟ್. ಎಂಟು ಯೂನಿಟ್ ಉಳಿಯಿತು.

ಕಥೆ ಮುಗೀತು ಅಂದ್ಕೊಂಡ್ರಾ? ಗೆರೆ ಎಳೆಯೋಕೆ ಇನ್ನೊಂದು ದಾರಿ ಇತ್ತು. ಯಾವ ಗುಂಪು ಎಂದು ಕೇಳುವ ಬದಲು, ನೀವು ನೌಕರರೇ ಹೌದಾ ಎಂದು ಕೇಳುವುದು. 1976ರಲ್ಲೇ ಮಂಡಳಿ, ಆಸ್ಪತ್ರೆಯಲ್ಲಿ ತರಬೇತಿಯಲ್ಲಿರುವ ರೆಸಿಡೆಂಟ್ ಡಾಕ್ಟರ್‌ಗಳು ವಿದ್ಯಾರ್ಥಿಗಳು, ನೌಕರರಲ್ಲ ಎಂದಿತ್ತು. ಹಗಲು ರಾತ್ರಿ ಡ್ಯೂಟಿ ಮಾಡುವವರಿಗೆ ಯೂನಿಯನ್ ಹಕ್ಕಿಲ್ಲ. ಅದನ್ನು ತಿದ್ದಿಕೊಂಡಿದ್ದು 1999ರಲ್ಲಿ, 23 ವರ್ಷ ಬಿಟ್ಟು.

ಇನ್ನು ನರ್ಸ್‌ಗಳ ಸರದಿ. ಅಮೆರಿಕದ ಕಾನೂನಿನಲ್ಲಿ ಮೇಲ್ವಿಚಾರಕರಿಗೆ ಯೂನಿಯನ್ ರಕ್ಷಣೆ ಇಲ್ಲ. ಪಾಳಿಯ ಚಾರ್ಜ್ ನರ್ಸ್ ಯಾವ ರೋಗಿಯನ್ನ ಯಾರು ನೋಡ್ಕೋಬೇಕು ಅಂತ ಹಂಚುತ್ತಾರೆ. ಅದು ಮೇಲ್ವಿಚಾರಣೆಯಾ? 2006ರಲ್ಲಿ ಮಿಷಿಗನ್ ರಾಜ್ಯದ ಓಕ್‌ವುಡ್ ಆಸ್ಪತ್ರೆಯ ಕೇಸಿನಲ್ಲಿ ಮಂಡಳಿ, ಕಾಯಂ ಚಾರ್ಜ್ ನರ್ಸ್‌ಗಳಾಗಿದ್ದ 12 ಜನ ಮೇಲ್ವಿಚಾರಕರು ಎಂದು ಪಟ್ಟಿಯಿಂದ ಹೊರಗಿಟ್ಟಿತು. ಸರದಿಯ ಮೇಲೆ ಆಗೊಮ್ಮೆ ಈಗೊಮ್ಮೆ ಚಾರ್ಜ್ ತಗೊಳ್ಳೋರು ಒಳಗೇ ಉಳಿದರು. ಕೆಲಸಕ್ಕೆ ಸೇರಿಸೋ, ಕೆಲಸದಿಂದ ತೆಗೆಯೋ ಅಧಿಕಾರ ಇಲ್ಲದಿದ್ದರೂ ರೋಗಿಗಳನ್ನು ಹಂಚುವುದರಿಂದಲೇ ಹಕ್ಕು ಹೋಗಬಹುದು ಅಂತಾಯಿತು.

ನಮ್ಮಲ್ಲಿ ಅಮೆರಿಕದ ಹಾಗೆ ಎಂಟು ಯೂನಿಟ್‌ಗಳ ನಿಯಮ ಇಲ್ಲ. ಇಲ್ಲಿ ಮೊದಲ ಪ್ರಶ್ನೆಯೇ ಬೇರೆ ಇತ್ತು: ಆಸ್ಪತ್ರೆ ಒಂದು 'ಉದ್ಯಮ'ವಾ? 1978ರಲ್ಲಿ ಬೆಂಗಳೂರು ಜಲಮಂಡಳಿ ನೌಕರರ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಉದ್ಯಮದ ಅರ್ಥವನ್ನು ಆಸ್ಪತ್ರೆಗಳೂ ಒಳಗೆ ಬರುವಷ್ಟು ಹಿಗ್ಗಿಸಿತು. ಸೇವೆ ಎಂಬ ಹೆಸರಿದ್ದ ಮಾತ್ರಕ್ಕೆ ದುಡಿಯುವವರು ಕಾರ್ಮಿಕರಲ್ಲ ಎನ್ನಲಾಗದು ಎಂಬ ತಿಳುವಳಿಕೆ ನಾಲ್ಕು ವರ್ಷದ ಅಂತರದಲ್ಲಿ ಎರಡೂ ದೇಶಗಳ ಕಾನೂನಿಗೆ ಬಂದಿತ್ತು.

ಆ ರಾತ್ರಿ ವಾರ್ಡಿನಲ್ಲಿ ಇನ್ನೂ ಒಂದು ನೋಡಿದ್ದೆ. ಬೆಳಗಿನ ಜಾವ ಸುಮಾರು ನಾಲ್ಕು ಗಂಟೆ. ಇಬ್ಬರು ನರ್ಸ್‌ಗಳಲ್ಲಿ ಹಿರಿಯರು ರಿಜಿಸ್ಟರ್ ತೆರೆದು, ಯಾವ ಮಂಚ ಯಾರಿಗೆ ಅಂತ ಬರೀತಿದ್ರು. ಬರೆದು ಮುಗಿಸಿ, ಆಯಾ ಜೊತೆ ಸೇರ್ಕೊಂಡು ಅಜ್ಜಿಯ ಹಾಸಿಗೆ ಬಟ್ಟೆ ಬದಲಾಯಿಸಿದ್ರು. ಒಂದು ತುದಿ ಇವರು ಹಿಡಿದ್ರು, ಇನ್ನೊಂದು ತುದಿ ಅವರು. ಅಮೆರಿಕದ ಲೆಕ್ಕದಲ್ಲಿ ಆಯಾ ಎಂಟನೇ ಗುಂಪು, ನರ್ಸಮ್ಮ ಬಹುಶಃ ಯಾವ ಗುಂಪಿಗೂ ಇಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನೀವೂ ಒಮ್ಮೆ ಎಣಿಸಿ ನೋಡಿ. ಎಷ್ಟು ಜನ ಬಂದ್ರು, ಅವರಲ್ಲಿ ಯಾರು ಯಾರ ಜೊತೆ ಅಂತ ನಿಮಗನ್ನಿಸ್ತು, ನಂಗೆ ಬರೆದು ಹೇಳಿ.

ಮುಂದಿನ ವಾರ ಸಿಗೋಣ. ನಮಸ್ಕಾರ.