ಅನುದಾನ ಮತ್ತು ಸಜ್ಜು: ಅಮೆರಿಕದ ಸ್ಥಳೀಯ ಪೊಲೀಸ್ ಪಡೆಗಳಿಗೆ ಒಕ್ಕೂಟ ಸರ್ಕಾರದ ನೆರವು

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಪೊಲೀಸ್ ವ್ಯವಸ್ಥೆ ಬೆಳೆದದ್ದು ಊರಿನ ಸಂಸ್ಥೆಯಾಗಿ. ಬಾಸ್ಟನ್ ನಗರ 1838ರಲ್ಲಿಯೂ ನ್ಯೂಯಾರ್ಕ್ ನಗರ 1845ರಲ್ಲಿಯೂ ಸಂಬಳದ ಪಡೆಗಳನ್ನು ಕಟ್ಟಿಕೊಂಡಾಗ ಅವುಗಳ ಖರ್ಚು ಸ್ಥಳೀಯ ತೆರಿಗೆಯಿಂದಲೇ ಬರಬೇಕಾಗಿತ್ತು. ಪೇದೆಯ ಸಮವಸ್ತ್ರದಿಂದ ಲಾಠಿಯವರೆಗೆ ಯಾವುದು ಬೇಕು, ಯಾವುದು ಬೇಡ ಎಂಬುದನ್ನು ನಿರ್ಧರಿಸುವ ಅಧಿಕಾರವೂ ಸ್ಥಳೀಯರದೇ ಆಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಆಗಸ್ಟ್ ವೋಲ್ಮರ್ ತಮ್ಮ ಸಿಬ್ಬಂದಿಗೆ ಮೊದಲು ಬೈಸಿಕಲ್ಲುಗಳನ್ನೂ ಅನಂತರ ಮೋಟಾರು ವಾಹನಗಳನ್ನೂ ಒದಗಿಸಿದ್ದು ಊರಿನ ಆಡಳಿತವನ್ನು ಒಪ್ಪಿಸಿಯೇ. ಅಧ್ಯಕ್ಷ ಹೂವರ್ 1929ರಲ್ಲಿ ನೇಮಿಸಿದ ವಿಕರ್‌ಶಾಮ್ ಆಯೋಗವು ಪೊಲೀಸರ ಹಿಂಸಾಚಾರವನ್ನೂ ಅದಕ್ಷತೆಯನ್ನೂ ಬಯಲಿಗೆಳೆದರೂ, ಒಕ್ಕೂಟ ಸರ್ಕಾರ ಅದಕ್ಕಾಗಿ ಊರುಗಳಿಗೆ ಹಣ ನೀಡಲು ಮುಂದಾಗಲಿಲ್ಲ. ಈ ಚದುರಿದ ಸ್ವರೂಪ ಇಂದಿಗೂ ಉಳಿದಿದೆ. ದೇಶದಲ್ಲಿ ಸುಮಾರು 18,000 ಕಾನೂನು ಪಾಲನಾ ಸಂಸ್ಥೆಗಳಿದ್ದು, ಸ್ಥಳೀಯ ಪೊಲೀಸ್ ಇಲಾಖೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಹತ್ತು ಮಂದಿ ಅಧಿಕಾರಿಗಳೂ ಇಲ್ಲ.

ಇಂತಹ ವ್ಯವಸ್ಥೆಯೊಳಗೆ ವಾಷಿಂಗ್‌ಟನ್ನಿನ ಹಣ ಪ್ರವೇಶಿಸಿದ್ದು 1960ರ ದಶಕದಲ್ಲಿ. 1965ರ ಆಗಸ್ಟ್‌ನಲ್ಲಿ ಲಾಸ್ ಏಂಜಲಿಸ್‌ನ ವಾಟ್ಸ್ ಪ್ರದೇಶ ಹೊತ್ತಿ ಉರಿಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಒಂದು ಚಿಕ್ಕ ಕಾಯಿದೆಯು ಪೊಲೀಸ್ ತರಬೇತಿ ಮತ್ತು ಪ್ರಯೋಗಗಳಿಗೆ ಅಲ್ಪ ಪ್ರಮಾಣದ ಅನುದಾನವನ್ನು ಒದಗಿಸಿತು. ಅಟಾರ್ನಿ ಜನರಲ್ ಆಗಿದ್ದ ನಿಕೊಲಸ್ ಕಾಟ್ಜೆನ್‌ಬಾಕ್ ಅವರ ಅಧ್ಯಕ್ಷತೆಯಲ್ಲಿ ರಚಿತವಾದ ಆಯೋಗ 1967ರ ಫೆಬ್ರುವರಿಯಲ್ಲಿ ವರದಿ ಒಪ್ಪಿಸಿ, ಇನ್ನೂರಕ್ಕೂ ಹೆಚ್ಚು ಶಿಫಾರಸುಗಳನ್ನು ಮಂಡಿಸಿತು. ಆ ಬೇಸಿಗೆಯಲ್ಲಿಯೇ ನ್ಯೂಆರ್ಕ್ ಮತ್ತು ಡೆಟ್ರಾಯಿಟ್ ನಗರಗಳಲ್ಲಿ ಗಲಭೆಗಳಾದವು. ಹೀಗಾಗಿ ಸುಧಾರಣೆಗೆಂದು ರೂಪುಗೊಂಡ ವಿಧೇಯಕವನ್ನು ಶಾಸಕರು ಭಯದ ನೆರಳಿನಲ್ಲಿ ಚರ್ಚಿಸಬೇಕಾಯಿತು.

ಚರ್ಚೆಯ ಕೇಂದ್ರದಲ್ಲಿದ್ದುದು ಹಣದ ಮೊತ್ತಕ್ಕಿಂತ ಹೆಚ್ಚಾಗಿ ಅದು ಹರಿಯಬೇಕಾದ ಹಾದಿ. ಜಾನ್ಸನ್ ಅವರ ಮೂಲ ಪ್ರಸ್ತಾವದಂತೆ ಅನುದಾನ ನೇರವಾಗಿ ನಗರಗಳಿಗೆ ಸಲ್ಲಬೇಕಾಗಿತ್ತು. ನ್ಯೂಜೆರ್ಸಿಯ ಪ್ರತಿನಿಧಿ ವಿಲಿಯಂ ಕಾಹಿಲ್ ತಂದ ತಿದ್ದುಪಡಿ ಇದನ್ನು ಬದಲಿಸಿ, ಹಣವು ಜನಸಂಖ್ಯೆಗೆ ಅನುಗುಣವಾಗಿ ಇಡಿಗಂಟಿನ ರೂಪದಲ್ಲಿ ರಾಜ್ಯಗಳಿಗೆ ಹೋಗುವಂತೆ ಮಾಡಿತು. 1968ರ ಜೂನ್ 19ರಂದು, ರಾಬರ್ಟ್ ಕೆನಡಿಯವರ ಹತ್ಯೆಯಾಗಿ ಎರಡು ವಾರ ತುಂಬುವ ಮೊದಲೇ, ಅಪರಾಧ ನಿಯಂತ್ರಣ ಮತ್ತು ಸುರಕ್ಷಿತ ಬೀದಿಗಳ ಸಮಗ್ರ ಕಾಯಿದೆ ಅಂಗೀಕಾರದ ಸಹಿ ಪಡೆಯಿತು. ಅದರಂತೆ ಸ್ಥಾಪಿತವಾದ ಕಾನೂನು ಪಾಲನಾ ನೆರವು ಸಂಸ್ಥೆಯು ಕಾರ್ಯಯೋಜನೆಗಳ ಹಣದಲ್ಲಿ ಶೇಕಡ 85ರಷ್ಟನ್ನು ರಾಜ್ಯಗಳಿಗೆ ಹಂಚಬೇಕು, ಉಳಿದ ಶೇಕಡ 15ನ್ನು ಮಾತ್ರ ತನ್ನ ವಿವೇಚನೆಯಂತೆ ನೀಡಬಹುದು ಎಂದಾಯಿತು. ರಾಜ್ಯಗಳು ತಮಗೆ ಬಂದುದರಲ್ಲಿ ಶೇಕಡ 75ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ದಾಟಿಸಬೇಕಾಗಿತ್ತು. ಪ್ರತಿಯೊಂದು ರಾಜ್ಯವೂ ಇದಕ್ಕಾಗಿ ಯೋಜನಾ ಘಟಕವೊಂದನ್ನು ಹುಟ್ಟುಹಾಕಿತು. ಗವರ್ನರುಗಳಿಗೆ ಇದು ಸಮಾಧಾನ ತಂದರೆ, ಗಲಭೆಗಳನ್ನು ಎದುರಿಸಿದ ದೊಡ್ಡ ನಗರಗಳ ಮೇಯರುಗಳಿಗೆ ತಮ್ಮ ಪಾಲು ಸಣ್ಣ ಊರುಗಳ ಕಡೆಗೆ ಸೋರಿಹೋಗುತ್ತಿದೆ ಎಂಬ ಅಸಮಾಧಾನ ಉಳಿಯಿತು.

ಕಾಯಿದೆಯ ಎರಡು ನಿಯಮಗಳು ವಿಶೇಷ ಪರಿಶೀಲನೆಗೆ ಅರ್ಹವಾಗಿವೆ. ಮೊದಲನೆಯದು, ಯಾವುದೇ ಪೊಲೀಸ್ ಪಡೆಯ ಮೇಲೆ ನಿರ್ದೇಶನ, ಮೇಲ್ವಿಚಾರಣೆ ಅಥವಾ ನಿಯಂತ್ರಣ ನಡೆಸಲು ಒಕ್ಕೂಟದ ಅಧಿಕಾರಿಗಳಿಗೆ ಅವಕಾಶವಿಲ್ಲವೆಂಬುದು. ಎರಡನೆಯದು, ಅನುದಾನದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನ ಹಣವನ್ನು ಸಿಬ್ಬಂದಿಯ ವೇತನಕ್ಕೆ ಬಳಸಕೂಡದೆಂಬುದು. ರಾಷ್ಟ್ರೀಯ ಪೊಲೀಸ್ ಪಡೆಯೊಂದು ಹಿತ್ತಲ ಬಾಗಿಲಿನಿಂದ ನುಸುಳಬಾರದು, ಸಂಬಳ ಕೊಡುವವನೇ ಒಡೆಯನಾಗಬಾರದು ಎಂಬ ಎಚ್ಚರಿಕೆ ಇವೆರಡರ ಹಿಂದೆಯೂ ಇತ್ತು. ಆದರೆ ಸಂಬಳಕ್ಕೆ ಬಳಸಲಾಗದ ಹಣ ಸರಕುಗಳ ಕಡೆಗೆ ವಾಲುವುದು ಸಹಜ. ಕಾರು, ನಿಸ್ತಂತು ಸಾಧನ, ಗಣಕಯಂತ್ರ, ಹೆಲಿಕಾಪ್ಟರ್, ಗಲಭೆ ನಿಯಂತ್ರಣದ ಉಪಕರಣ ಇವೆಲ್ಲ ಒಮ್ಮೆ ಕೊಂಡರೆ ಮುಗಿಯುವ ಬಾಬುಗಳು. ಲೆಕ್ಕ ತೋರಿಸುವುದೂ ಸುಲಭ. ಮೇಲಾಗಿ ಗಲಭೆ ನಿಯಂತ್ರಣ ಮತ್ತು ಸಂಘಟಿತ ಅಪರಾಧದ ವಿರುದ್ಧದ ಯೋಜನೆಗಳಿಗೆ ಒಕ್ಕೂಟವು ವೆಚ್ಚದ ಶೇಕಡ 75ರವರೆಗೆ ಭರಿಸುತ್ತಿದ್ದರೆ, ಸಾಮಾನ್ಯ ಯೋಜನೆಗಳಿಗೆ ಶೇಕಡ 60ರವರೆಗೆ ಮಾತ್ರ ದೊರೆಯುತ್ತಿತ್ತು. ಪೊಲೀಸರ ಸೈನಿಕೀಕರಣವನ್ನು ಕುರಿತ ಬರವಣಿಗೆಗಳಲ್ಲಿ ಮನೋಧರ್ಮದ ಮಾತು ಹೆಚ್ಚಾಗಿ ಬರುತ್ತದೆ. ಈ ಲೆಕ್ಕಪತ್ರದ ನಿಯಮಗಳಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಅನುದಾನದ ಪ್ರವಾಹ ತೀವ್ರವಾಗಿತ್ತು. 1969ರ ಹಣಕಾಸು ವರ್ಷದಲ್ಲಿ ಸುಮಾರು 6 ಕೋಟಿ ಡಾಲರ್ ಇದ್ದ ಮೊತ್ತ 1973ರ ವೇಳೆಗೆ 85 ಕೋಟಿ ಡಾಲರನ್ನು ಮೀರಿತು. ಹಣ ಬಂದ ವೇಗಕ್ಕೆ ತಕ್ಕ ಯೋಜನೆಗಳು ಸಿದ್ಧವಿರಲಿಲ್ಲ. 1971ರಲ್ಲಿ ಜಾನ್ ಮೊನಗನ್ ಅಧ್ಯಕ್ಷತೆಯ ಕಾಂಗ್ರೆಸ್ ಉಪಸಮಿತಿ ವಿಚಾರಣೆಗಳನ್ನು ನಡೆಸಿದಾಗ ದುರ್ಬಳಕೆಯ ಅನೇಕ ನಿದರ್ಶನಗಳು ಹೊರಬಂದವು. ಪೊಲೀಸ್ ಕಾರ್ಯಕ್ಕೆಂದು ಕೊಂಡ ವಿಮಾನ ಒಂದು ರಾಜ್ಯದಲ್ಲಿ ಗವರ್ನರರ ಓಡಾಟಕ್ಕೆ ಬಳಕೆಯಾಗುತ್ತಿತ್ತು. ಸಂಸ್ಥೆ 1982ರಲ್ಲಿ ಮುಚ್ಚುವ ಹೊತ್ತಿಗೆ 750 ಕೋಟಿ ಡಾಲರಿಗೂ ಮಿಗಿಲಾದ ಹಣ ವೆಚ್ಚವಾಗಿತ್ತು. ಅಪರಾಧ ತಗ್ಗಿತೆಂದು ತೋರಿಸುವುದು ಮಾತ್ರ ಅದರ ಸಮರ್ಥಕರಿಗೂ ಸಾಧ್ಯವಾಗಲಿಲ್ಲ.

ಆದಾಗ್ಯೂ ಇಡೀ ಪ್ರಯತ್ನವನ್ನು ದುಂದುಗಾರಿಕೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸ್ಟೆಫನಿ ಕ್ವೊಲೆಕ್ 1965ರಲ್ಲಿ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಕಂಡುಹಿಡಿದ ಕೆವ್ಲಾರ್ ಎಂಬ ನಾರನ್ನು ಮೊದಲು ಟೈರುಗಳಲ್ಲಿ ಉಕ್ಕಿನ ಬದಲಿಗೆ ಬಳಸುವ ಉದ್ದೇಶವಿತ್ತು. ನೆರವು ಸಂಸ್ಥೆಯ ಸಂಶೋಧನಾ ವಿಭಾಗದಲ್ಲಿದ್ದ ಲೆಸ್ಟರ್ ಶೂಬಿನ್, ಇದರಿಂದ ಅಂಗಿಯೊಳಗೆ ಧರಿಸಬಹುದಾದ ಗುಂಡು ನಿರೋಧಕ ಕವಚವನ್ನು ರೂಪಿಸಲು ಸಾಧ್ಯವೆಂದು ಮನಗಂಡರು. 1975ರಲ್ಲಿ 15 ನಗರಗಳ ಪೊಲೀಸರಿಗೆ 5,000 ಕವಚಗಳನ್ನು ಕೊಟ್ಟು ಪರೀಕ್ಷಿಸಲಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಿಯಾಟಲ್ ನಗರದ ಅಂಗಡಿಯೊಂದರಲ್ಲಿ ದರೋಡೆಕೋರನ ಗುಂಡಿಗೆ ಎದೆಯೊಡ್ಡಬೇಕಾಗಿ ಬಂದ ಪೊಲೀಸನೊಬ್ಬ ಈ ಕವಚದಿಂದ ಬದುಕುಳಿದ. ಅಂದಿನಿಂದ ಹೀಗೆ ಉಳಿದ ಜೀವಗಳ ಸಂಖ್ಯೆ ಮೂರು ಸಾವಿರವನ್ನು ದಾಟಿದೆ. ಯಾವ ಸಣ್ಣ ಊರಿನ ಪುರಸಭೆಯೂ ಇಂತಹ ಸಂಶೋಧನೆಗೆ ಹಣ ಹೂಡಲಾರದು, ಗುಣಮಟ್ಟದ ಮಾನದಂಡವನ್ನೂ ನಿಗದಿಪಡಿಸಲಾರದು. ಕವಚ ಕೊಳ್ಳಲು ಸ್ಥಳೀಯ ಇಲಾಖೆಗಳಿಗೆ ನೆರವಾಗುವ ಪ್ರತ್ಯೇಕ ಕಾಯಿದೆ ಬಂದದ್ದು 1998ರಲ್ಲಿ.

ಇದೇ ಕಾಲದಲ್ಲಿ ಭಾರತದಲ್ಲಿಯೂ ಹೋಲುವಂತಹ ಬೆಳವಣಿಗೆಯೊಂದು ನಡೆಯಿತೆಂಬುದು ಕುತೂಹಲಕರ. ಸಂವಿಧಾನದ ಪ್ರಕಾರ ಪೊಲೀಸ್ ಇಲ್ಲಿ ರಾಜ್ಯಪಟ್ಟಿಯ ವಿಷಯ. ಆದರೂ ಕೇಂದ್ರ ಗೃಹ ಸಚಿವಾಲಯವು ರಾಜ್ಯಗಳ ಪೊಲೀಸ್ ಪಡೆಗಳ ಆಧುನೀಕರಣ ಯೋಜನೆಯನ್ನು 1969-70ರಲ್ಲಿ ಆರಂಭಿಸಿತು. ಇಲ್ಲಿ ನೆರವು ರಾಜ್ಯ ಸರ್ಕಾರದ ಹಂತದಲ್ಲಿ ನಿಲ್ಲುತ್ತದೆ. ಅಮೆರಿಕದಲ್ಲಿ ಅದು ಪುರಸಭೆಯ ಠಾಣೆಯವರೆಗೆ ಇಳಿಯಿತು. ಸಮಸ್ಯೆಗಳ ಸ್ವರೂಪ ಬೇರೆಯಾದದ್ದಕ್ಕೆ ಈ ವ್ಯತ್ಯಾಸವೂ ಒಂದು ಕಾರಣ.

ನೆರವು ಸಂಸ್ಥೆ ಮುಚ್ಚಿದರೂ ಅನುದಾನದ ಪದ್ಧತಿ ಮುಂದುವರಿಯಿತು. 1988ರ ಫೆಬ್ರುವರಿಯಲ್ಲಿ ಸಾಕ್ಷಿದಾರನೊಬ್ಬನ ಮನೆಗೆ ಕಾವಲಿದ್ದಾಗ ಹತನಾದ ನ್ಯೂಯಾರ್ಕ್ ಪೊಲೀಸ್ ಎಡ್ವರ್ಡ್ ಬರ್ನ್ ಹೆಸರಿನಲ್ಲಿ ಮಾದಕ ವಸ್ತು ನಿಗ್ರಹದ ಅನುದಾನ ಬಂದಿತು. 1990ರ ದಶಕದಲ್ಲಿ ಸೇನೆಯ ಹೆಚ್ಚುವರಿ ಸಾಮಗ್ರಿಯನ್ನು ಪೊಲೀಸರಿಗೆ ವರ್ಗಾಯಿಸುವ ಅವಕಾಶ ಕಲ್ಪಿತವಾಯಿತು. 1994ರ ಕಾಯಿದೆ ಹಳೆಯ ಅಂಜಿಕೆಯನ್ನು ಬದಿಗಿಟ್ಟು, ಒಂದು ಲಕ್ಷ ಪೊಲೀಸರ ನೇಮಕದ ಗುರಿಯೊಂದಿಗೆ ಸಂಬಳಕ್ಕೇ ಮೂರು ವರ್ಷಗಳ ನೆರವು ಘೋಷಿಸಿತು. 2001ರ ಸೆಪ್ಟೆಂಬರ್ ದಾಳಿಯ ನಂತರ ಹೊಸದಾಗಿ ಸ್ಥಾಪಿತವಾದ ಆಂತರಿಕ ಭದ್ರತಾ ಇಲಾಖೆಯ ಅನುದಾನಗಳು ಇವೆಲ್ಲವನ್ನೂ ಮೀರಿಸುವ ಪ್ರಭಾವ ಬೀರಿದವು.

ಆ ಪ್ರಭಾವವನ್ನು ಅರಿಯಲು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕೀನ್ ಎಂಬ ಊರಿನ ನಿದರ್ಶನ ಸಾಕು. ಸುಮಾರು 23,000 ಜನಸಂಖ್ಯೆಯ ಈ ಊರು ಪ್ರತಿ ಶರತ್ಕಾಲದಲ್ಲಿ ನಡೆಯುತ್ತಿದ್ದ ಕುಂಬಳಕಾಯಿ ಹಬ್ಬಕ್ಕೆ ಹೆಸರಾಗಿತ್ತು. 2013ರಲ್ಲಿ ಅಲ್ಲಿ ಒಟ್ಟಿಗೆ ಬೆಳಗಿದ ಕುಂಬಳಕಾಯಿ ದೀಪಗಳ ಸಂಖ್ಯೆ 30,581. ಇಲ್ಲಿನ ಪೊಲೀಸ್ ಇಲಾಖೆ ಬೇರ್‌ಕ್ಯಾಟ್ ಎಂಬ ಕವಚಿತ ವಾಹನಕ್ಕಾಗಿ ಆಂತರಿಕ ಭದ್ರತಾ ಇಲಾಖೆಯಿಂದ 2,85,933 ಡಾಲರ್ ಅನುದಾನ ಪಡೆಯಿತು. ಭಯೋತ್ಪಾದನೆಯ ಬೆದರಿಕೆಯನ್ನು ವಿವರಿಸಬೇಕಾಗಿದ್ದ ಅರ್ಜಿಯಲ್ಲಿ ಈ ಹಬ್ಬವನ್ನೂ ಉಲ್ಲೇಖಿಸಲಾಗಿತ್ತು. ಊರಿನಲ್ಲಿ ವಿರೋಧ ವ್ಯಕ್ತವಾಯಿತಾದರೂ 2012ರಲ್ಲಿ ವಾಹನ ಬಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೆನೆಟ್ ಸದಸ್ಯ ಟಾಮ್ ಕೊಬರ್ನ್ ಪ್ರಕಟಿಸಿದ ವರದಿ ಕೀನ್ ಊರನ್ನು ಅನುದಾನದ ಅವಿವೇಕಕ್ಕೆ ಉದಾಹರಣೆಯಾಗಿ ಹೆಸರಿಸಿತು. ಪೊಲೀಸರ ಕಡೆಯ ವಾದವನ್ನು ನಗೆಯಾಡಿ ಬಿಡುವಂತಿಲ್ಲ. ಬಂದೂಕುಧಾರಿ ಮನೆಯೊಳಗೆ ಅಡಗಿದ್ದಾಗ ಗಾಯಾಳುವನ್ನು ಹೊರತರಲು ಅಂತಹ ವಾಹನ ಉಪಯುಕ್ತವೇ. ಆದರೆ ಅಷ್ಟು ಮೊತ್ತವನ್ನು ಊರಿನ ತೆರಿಗೆಯಿಂದ ಕೊಡಬೇಕಾಗಿದ್ದರೆ ಅಗತ್ಯದ ಪ್ರಶ್ನೆ ಮೊದಲು ಏಳುತ್ತಿತ್ತು. ಪರರ ಖಜಾನೆಯ ಹಣವಾದ್ದರಿಂದ ಅಗತ್ಯವನ್ನು ಅರ್ಜಿಯ ನಮೂನೆಗೆ ಹೊಂದಿಸಲಾಯಿತು. 2014ರ ಅಕ್ಟೋಬರ್‌ನ ಹಬ್ಬದ ದಿನ ಅಲ್ಲಿ ನಿಜವಾಗಿಯೂ ಗಲಭೆಯಾಯಿತು. ಗಲಭೆಕೋರರು ಭಯೋತ್ಪಾದಕರಲ್ಲ, ಕಾಲೇಜಿನ ಸುತ್ತಮುತ್ತ ಕುಡಿದು ಕೂಡಿದ ತರುಣರು. ಮರುವರ್ಷ ಹಬ್ಬಕ್ಕೆ ನಗರ ಪರಿಷತ್ತು ಅನುಮತಿ ನಿರಾಕರಿಸಿತು.

ಇದಕ್ಕೆ ಎರಡು ತಿಂಗಳ ಹಿಂದೆ, 2014ರ ಆಗಸ್ಟ್‌ನಲ್ಲಿ, ಮಿಸೌರಿಯ ಫರ್ಗುಸನ್‌ನಲ್ಲಿ ಮೈಕೆಲ್ ಬ್ರೌನ್ ಎಂಬ ಕಪ್ಪು ತರುಣ ಪೊಲೀಸ್ ಗುಂಡಿಗೆ ಬಲಿಯಾದ ಬಳಿಕ, ಪ್ರತಿಭಟನಕಾರರ ಎದುರು ಕವಚಿತ ವಾಹನಗಳ ಮೇಲಿಂದ ಬಂದೂಕು ಗುರಿಯಿಟ್ಟ ದೃಶ್ಯಗಳನ್ನು ಜಗತ್ತೇ ಕಂಡಿತು. ಅಧ್ಯಕ್ಷ ಒಬಾಮ 2015ರ ಜನವರಿಯಲ್ಲಿ ಹೊರಡಿಸಿದ ಆದೇಶದ ಫಲವಾಗಿ, ಪಟ್ಟಿಚಕ್ರದ ಕವಚಿತ ವಾಹನ, ಗ್ರೆನೇಡ್ ಉಡಾವಣಾ ಸಾಧನ, ಬಯೊನೆಟ್ ಮುಂತಾದವುಗಳನ್ನು ಒಕ್ಕೂಟದ ನೆರವಿನಿಂದ ಪಡೆಯುವುದು ನಿಷಿದ್ಧವಾಯಿತು; ಕೀನ್ ಪಡೆದಂತಹ ಗಾಲಿಯ ವಾಹನಗಳಿಗೆ ಸ್ಥಳೀಯ ಆಡಳಿತದ ಒಪ್ಪಿಗೆ ಕಡ್ಡಾಯವಾಯಿತು. 2017ರ ಆಗಸ್ಟ್‌ನಲ್ಲಿ ಅಧ್ಯಕ್ಷ ಟ್ರಂಪ್ ಅದನ್ನು ರದ್ದುಪಡಿಸಿದರು. 2022ರ ಮೇ ತಿಂಗಳಲ್ಲಿ ಅಧ್ಯಕ್ಷ ಬೈಡನ್ ಹೊಸ ಆದೇಶದ ಮೂಲಕ ನಿರ್ಬಂಧಗಳನ್ನು ಮರಳಿ ತಂದರೆ, 2025ರ ಜನವರಿ 20ರಂದು ಅದೂ ರದ್ದಾಯಿತು.

ಅಧ್ಯಕ್ಷರ ಆದೇಶಗಳು ಹೀಗೆ ಬಂದು ಹೋಗುತ್ತಿರುವಾಗ ಹೆಚ್ಚು ಬಾಳಿಕೆಯ ಪ್ರಯತ್ನ ರಾಜ್ಯದ ಶಾಸನವೊಂದರಲ್ಲಿ ಕಾಣುತ್ತದೆ. ಕ್ಯಾಲಿಫೋರ್ನಿಯಾ 2021ರಲ್ಲಿ ಅಂಗೀಕರಿಸಿದ ಕಾಯಿದೆಯಂತೆ, ಸೈನಿಕ ಮಾದರಿಯ ಸಾಮಗ್ರಿಯನ್ನು ಪಡೆಯುವುದಕ್ಕೆ ಮಾತ್ರವಲ್ಲ, ಅದಕ್ಕಾಗಿ ಅನುದಾನದ ಅರ್ಜಿ ಸಲ್ಲಿಸುವುದಕ್ಕೂ ನಗರ ಪರಿಷತ್ತಿನಂತಹ ಚುನಾಯಿತ ಸಭೆಯ ಪೂರ್ವಾನುಮತಿ ಬೇಕು. ಸಾಮಗ್ರಿಯ ಬಳಕೆಯ ನೀತಿಯನ್ನು ಬಹಿರಂಗ ವಿಚಾರಣೆಗೆ ಕನಿಷ್ಠ 30 ದಿನ ಮುಂಚಿತವಾಗಿ ಇಲಾಖೆಯು ಸಾರ್ವಜನಿಕರ ಮುಂದಿಡಬೇಕು, ಪ್ರತಿವರ್ಷ ಅದರ ಬಳಕೆಯ ವರದಿ ಸಲ್ಲಿಸಬೇಕು.