ಮಾನ್ಯಖೇಟದ ಸೀಮೆಯಲ್ಲಿ ಗ್ರೀಷ್ಮಚರ್ಯೆ: ಶಾಸ್ತ್ರವೂ ರೂಢಿಯೂ

೧

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಯಲ್ಲಿ ಬೇಸಗೆಯು ಬಹು ತೀಕ್ಷ್ಣವಾದುದು. ಮೇ ತಿಂಗಳಿನಲ್ಲಿ ಹಗಲಿನ ತಾಪವು ೪೦ ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಇಲ್ಲಿ ಸಾಮಾನ್ಯವಾಗಿದೆ. ಈ ಸೀಮೆಯ ಜನರು ಆ ಕಾಲದಲ್ಲಿ ಅನುಸರಿಸುವ ಆಹಾರವಿಹಾರಗಳನ್ನು ಕುರಿತು ಬರೆಯುವವರಲ್ಲಿ ಅನೇಕರು, ಅವೆಲ್ಲವೂ ಚರಕಸುಶ್ರುತರಿಂದ ನೇರವಾಗಿ ಇಳಿದುಬಂದವೆಂದು ಹೇಳುವುದುಂಟು. ಈ ಮಾತು ಕೇಳಲು ಹಿತವಾಗಿದ್ದರೂ ಗ್ರಂಥಗಳನ್ನು ತೆರೆದು ನೋಡಿದರೆ ಪೂರ್ಣವಾಗಿ ನಿಲ್ಲುವುದಿಲ್ಲ. ಶಾಸ್ತ್ರವು ಈ ನಾಡಿಗೆ ಬಂದಾಗ ಯಾವ ಯಾವ ಅಂಶಗಳಲ್ಲಿ ಮಾರ್ಪಟ್ಟಿತು, ರೂಢಿಯು ಎಲ್ಲಿ ಅದರೊಡನೆ ಸೇರಿತು, ಎಲ್ಲಿ ಅದನ್ನು ಬಿಟ್ಟು ನಡೆಯಿತು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಮೂಲಶಾಸ್ತ್ರದ ಮಾತನ್ನು ಸಂಗ್ರಹಿಸಿ ಹೇಳಬೇಕು. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯವು ಋತುಚರ್ಯೆಗೆ ಮೀಸಲಾಗಿದೆ. ಉತ್ತರಾಯಣವು ಆದಾನಕಾಲ, ಆಗ ಸೂರ್ಯನು ಜಗತ್ತಿನ ಸ್ನೇಹವನ್ನು, ಅಂದರೆ ಜಿಡ್ಡು ತೇವಗಳನ್ನು, ಹೀರಿಕೊಳ್ಳುವನು, ಗ್ರೀಷ್ಮದಲ್ಲಿ ಮನುಷ್ಯನ ಬಲವು ಕುಗ್ಗಿರುವುದು. ಆದಕಾರಣ ಮಧುರವೂ ಶೀತಲವೂ ದ್ರವವೂ ಸ್ನಿಗ್ಧವೂ ಆದ ಅನ್ನಪಾನಗಳು ಹಿತ. ಸಕ್ಕರೆ ಬೆರಸಿದ ತಣ್ಣನೆಯ ಹಿಟ್ಟಿನ ಮಂಥ, ತುಪ್ಪ ಹಾಲುಗಳೊಡನೆ ಶಾಲಿಯಕ್ಕಿಯ ಅನ್ನ, ಜಾಂಗಲಪ್ರಾಣಿಗಳ ಮಾಂಸ ಇವುಗಳನ್ನು ಸೇವಿಸಬಹುದು. ಉಪ್ಪು, ಹುಳಿ, ಖಾರ, ಉಷ್ಣಪದಾರ್ಥಗಳು ಮತ್ತು ವ್ಯಾಯಾಮ ವರ್ಜ್ಯ. ಮದ್ಯವನ್ನು ಬಿಡಬೇಕು, ಇಲ್ಲವೆ ಬಹಳ ನೀರು ಬೆರಸಿ ಸ್ವಲ್ಪವೇ ಕುಡಿಯಬೇಕು. ಹಗಲಿನಲ್ಲಿ ತಂಪಾದ ಮನೆಯೊಳಗೆ, ಇರುಳಿನಲ್ಲಿ ಬೆಳುದಿಂಗಳಿಂದ ತಣಿದ ಮಾಳಿಗೆಯ ಮೇಲೆ, ಚಂದನವನ್ನು ಲೇಪಿಸಿಕೊಂಡು ಮಲಗಬೇಕು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಇದೇ ಕ್ರಮವು ಪಾನಕಗಳಿಂದಲೂ ಧಾರಾಗೃಹಗಳಿಂದಲೂ ಇನ್ನಷ್ಟು ವಿಸ್ತಾರಗೊಂಡಿದೆ.

ಇಲ್ಲಿ ಋತುವಿನ ಎಣಿಕೆಯೇ ಮೊದಲನೆಯ ಪ್ರಶ್ನೆ. ಪ್ರಸಿದ್ಧವಾದ ಗಣನೆಯಂತೆ ಜ್ಯೇಷ್ಠ ಆಷಾಢಗಳೇ ಗ್ರೀಷ್ಮ. ಆದರೆ ಕಾಗಿಣಾ ನದಿಯ ದಂಡೆಯಲ್ಲಿ ಜ್ಯೇಷ್ಠವು ಮುಗಿಯುವುದರೊಳಗೆ ಸಾಮಾನ್ಯವಾಗಿ ಮುಂಗಾರು ಮಳೆ ಬಿದ್ದು, ಆಷಾಢದಲ್ಲಿ ರೈತನು ಬಿತ್ತನೆಯಲ್ಲಿರುವನು. ಸುಶ್ರುತನಾದರೋ ಎರಡು ಗಣನೆಗಳನ್ನು ಕೊಟ್ಟಿರುವನು. ಎರಡನೆಯದರಲ್ಲಿ ವೈಶಾಖ ಜ್ಯೇಷ್ಠಗಳು ಗ್ರೀಷ್ಮ, ಆಷಾಢ ಶ್ರಾವಣಗಳು ಪ್ರಾವೃಟ್ ಎಂಬ ಬೇರೆಯ ಋತು. ನಮ್ಮ ಸೀಮೆಗೆ ಈ ಎರಡನೆಯ ಗಣನೆಯೇ ಹೆಚ್ಚು ಹೊಂದುವುದು. ಹೀಗೆ, ಪಂಚಾಂಗವನ್ನಲ್ಲ, ಆಕಾಶವನ್ನು ನೋಡಿ ಋತುವನ್ನು ತಿಳಿಯಬೇಕೆಂಬುದಕ್ಕೆ ಶಾಸ್ತ್ರದಲ್ಲಿಯೇ ಅವಕಾಶವಿದೆ.

೩

ಎರಡನೆಯ ಮಾರ್ಪಾಡು ಆಹಾರದಲ್ಲಿ ಆದುದು. ಅದರ ಕಥೆ ಈ ಸೀಮೆಗೇ ಸಂಬಂಧಿಸಿದುದು. ಇಂದು ಸೇಡಂ ತಾಲೂಕಿನ ಒಂದು ಗ್ರಾಮವಾಗಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಅಮೋಘವರ್ಷ ನೃಪತುಂಗನು (೮೧೪–೮೭೮) ಇಲ್ಲಿಂದ ಆಳಿದನು. ಉಗ್ರಾದಿತ್ಯಾಚಾರ್ಯನೆಂಬ ಜೈನವೈದ್ಯನು ಸಂಸ್ಕೃತದಲ್ಲಿ ರಚಿಸಿದ ‘ಕಲ್ಯಾಣಕಾರಕ’ವು ೧೯೪೦ರಲ್ಲಿ ಸೊಲ್ಲಾಪುರದಿಂದ ಮುದ್ರಿತವಾಗಿ ಹೊರಬಂದಿತು. ಅದರ ಕೊನೆಯಲ್ಲಿ ‘ಹಿತಾಹಿತಾಧ್ಯಾಯ’ವೆಂಬ ಒಂದು ಭಾಗವಿದೆ. ಮಾಂಸವು ಔಷಧವಾಗಿ ನಿಷ್ಫಲವೆಂಬ ವಾದವನ್ನು ನೃಪತುಂಗವಲ್ಲಭ ಮಹಾರಾಜಾಧಿರಾಜನ ಸಭೆಯಲ್ಲಿ, ಅನೇಕ ವೈದ್ಯರ ಎದುರಿನಲ್ಲಿ, ಸ್ಥಾಪಿಸಿದುದಾಗಿ ಅಲ್ಲಿ ಹೇಳಿದೆ. ಈ ನೃಪತುಂಗನನ್ನು ಅಮೋಘವರ್ಷನೆಂದು ಅನೇಕ ವಿದ್ವಾಂಸರು ಗುರುತಿಸಿರುವರು.

ಇದರ ಮಹತ್ತ್ವವು ಮತಭೇದದಲ್ಲಿ ಮಾತ್ರ ಮುಗಿಯುವುದಿಲ್ಲ. ಚರಕನ ಗ್ರೀಷ್ಮಚರ್ಯೆಯಿಂದ ಮಾಂಸಮದ್ಯಗಳನ್ನು ತೆಗೆದರೆ ಉಳಿಯುವುದು ಹಾಲು, ತುಪ್ಪ, ಅನ್ನ, ಮಂಥ ಮತ್ತು ನೀರು. ಸಿದ್ಧವಾಗಿದ್ದ ಪ್ರಮಾಣಗ್ರಂಥದ ಒಂದಂಶವನ್ನು ರಾಜಸಭೆಯಲ್ಲಿ ಪ್ರಶ್ನಿಸುವುದಕ್ಕೂ, ಶಾಸ್ತ್ರವನ್ನು ಬಿಡದೆ ಅದನ್ನು ಪುನಃ ಕಟ್ಟುವುದಕ್ಕೂ ಆಗ ಎಡೆಯಿದ್ದಿತೆಂಬುದೇ ಇಲ್ಲಿ ಗಮನಾರ್ಹ. ಅದೇ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ದಂಡಿಯ ಕಾವ್ಯಾದರ್ಶವನ್ನು ಆಧಾರವಾಗಿಟ್ಟುಕೊಂಡೂ ಕನ್ನಡನಾಡಿಗೆ ತಕ್ಕಂತೆ ಅದನ್ನು ತಿದ್ದಿಕೊಂಡಿತೆಂಬುದನ್ನು ಸಾಹಿತ್ಯಾಭ್ಯಾಸಿಗಳು ಬಲ್ಲರು. ವೈದ್ಯದಲ್ಲಿಯೂ ಕಾವ್ಯದಲ್ಲಿಯೂ ನಡೆದುದು ಒಂದೇ ಬಗೆಯ ಕೆಲಸ. ಮುಂದೆ ೧೨ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನನುಸರಿಸಿ ಬರೆದ ‘ಕರ್ಣಾಟಕ ಕಲ್ಯಾಣಕಾರಕ’ವೂ ಮಾಂಸಮದ್ಯಗಳನ್ನು ವರ್ಜಿಸಿದೆ. ಇದರಿಂದ ಈ ಧೋರಣೆಯು ಕನ್ನಡದ ವೈದ್ಯವಾಙ್ಮಯದಲ್ಲಿ ಬೇರೂರಿತೆಂದು ತಿಳಿಯಬರುತ್ತದೆ.

೪

ಈ ಗ್ರೀಷ್ಮಚರ್ಯೆಯು ಯಾರಿಗಾಗಿ ಬರೆದುದೆಂಬುದು ಮುಂದಿನ ಪ್ರಶ್ನೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಶಕವರ್ಷ ೮೮೧ರಲ್ಲಿ (ಕ್ರಿ. ಶ. ೯೫೯), ಸೋಮದೇವಸೂರಿಯು ಮುಗಿಸಿದ ‘ಯಶಸ್ತಿಲಕ’ದಲ್ಲಿ ವೈದ್ಯನು ಅರಸನಿಗೆ ಆಹಾರನಿಯಮಗಳನ್ನು ಬೋಧಿಸುವ ಭಾಗವಿದೆ, ಯಂತ್ರಧಾರಾಗೃಹದ ವರ್ಣನೆಯೂ ಇದೆ. ೯೭೨ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದನು. ತರುವಾಯ ರಾಜ್ಯವನ್ನು ಪಡೆದ ಚಾಲುಕ್ಯರು ೧೧ನೆಯ ಶತಮಾನದಲ್ಲಿ ಚಿಂಚೋಳಿಯ ಉತ್ತರಕ್ಕಿರುವ ಕಲ್ಯಾಣಕ್ಕೆ ರಾಜಧಾನಿಯನ್ನು ಒಯ್ದರು. ಆ ಕಲ್ಯಾಣದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು (೧೧೨೯) ಅನ್ನಭೋಗ, ಪಾನೀಯಭೋಗಗಳನ್ನು ರಾಜಭೋಗಗಳ ಸಾಲಿನಲ್ಲಿಯೇ ಎಣಿಸಿದೆ. ಗ್ರೀಷ್ಮದಲ್ಲಿ ಮಧುರವೂ ಶೀತಲವೂ ಆದ ಊಟವನ್ನು ವಿಧಿಸಿ, ಹೂಗಳಿಂದ ಕುಡಿಯುವ ನೀರಿಗೆ ಪರಿಮಳವೂಡುವ ಕ್ರಮವನ್ನು ಹೇಳಿದೆ.

ಈ ಗ್ರಂಥಗಳ ಕಣ್ಣು ಅರಮನೆಯ ಮೇಲಿರುವುದು ಸ್ಪಷ್ಟ. ಕಾರಂಜಿಯ ಮನೆ, ಚಂದನ, ಮುತ್ತಿನ ಹಾರ, ಬೀಸುವ ಪರಿಜನ ಇವೆಲ್ಲ ಹೊಲದವನಿಗೆ ದೊರೆಯತಕ್ಕವುಗಳಲ್ಲ. ಆದರೂ ಚಾಲುಕ್ಯ ಜಯಸಿಂಹನ ಕಾಲದ ಇಮ್ಮಡಿ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ (೧೦೨೫) ಅಂತರ್ಜಲವನ್ನು ಕಾಣುವ ಬಗೆ, ಸೂಪಶಾಸ್ತ್ರ, ವೈದ್ಯ, ವೃಕ್ಷಾಯುರ್ವೇದಗಳನ್ನು ಕನ್ನಡದಲ್ಲಿ ಒಟ್ಟಿಗೆ ತಂದಿರುವನು. ಬೇಸಗೆಯ ನಾಡಿನಲ್ಲಿ ಬಾವಿ, ಮರ, ಅಡಿಗೆ, ಮದ್ದು ಇವು ಒಂದೇ ಯೋಗಕ್ಷೇಮದ ಅಂಗಗಳೆಂಬ ಲೋಕದೃಷ್ಟಿಯು ಇಂತಹ ಜೋಡಣೆಯಲ್ಲಿ ವ್ಯಕ್ತವಾಗುತ್ತದೆ.

೫

ಶಾಸ್ತ್ರಕ್ಕೂ ರೂಢಿಗೂ ಇರುವ ಅಂತರವು ಅತ್ಯಂತ ಸ್ಪಷ್ಟವಾಗಿ ಕಾಣುವುದು ಮಜ್ಜಿಗೆಯ ವಿಷಯದಲ್ಲಿ. ಜೋಳದ ನಾಡಿನಲ್ಲಿ ಬೇಸಗೆಯೆಂದರೆ ಅಂಬಲಿ, ಉಪ್ಪು ಬೆರಸಿದ ನೀರುಮಜ್ಜಿಗೆ, ಮಣ್ಣಿನ ಕೊಡದ ನೀರು. ಇದನ್ನು ಆಯುರ್ವೇದದ ವಿಧಿಯೆಂದೇ ಎಲ್ಲರೂ ಹೇಳುವರು. ಚರಕನಾದರೋ ಶರತ್ತು, ಗ್ರೀಷ್ಮ, ವಸಂತಗಳಲ್ಲಿ ಮೊಸರು ಪ್ರಾಯಶಃ ನಿಂದ್ಯವೆನ್ನುವನು. ಸುಶ್ರುತನು ತಕ್ರವನ್ನು ಉಷ್ಣವೀರ್ಯವೆಂದು ಗಣಿಸಿ, ಉಷ್ಣಕಾಲದಲ್ಲಿ ಕೊಡಲಾಗದೆಂದು ಸ್ಪಷ್ಟವಾಗಿಯೇ ನಿಷೇಧಿಸಿರುವನು. ಗ್ರೀಷ್ಮದಲ್ಲಿ ಹುಳಿ ಉಪ್ಪುಗಳು ವರ್ಜ್ಯವೆಂಬ ಚರಕನ ಮಾತನ್ನು ಮೇಲೆಯೇ ಕಂಡೆವು. ಹಾಗಾದರೆ ನಮ್ಮ ರೈತನ ಚೆಂಬಿನ ಮಜ್ಜಿಗೆಯು ಶಾಸ್ತ್ರವಿರುದ್ಧವೇ?

ಅಕ್ಷರಶಃ ವಿರುದ್ಧವೇ ಹೌದು. ಆದರೆ ಉತ್ತರವು ಚರಕನ ಅದೇ ಅಧ್ಯಾಯದ ಕೊನೆಯಲ್ಲಿದೆ. ಋತುವಿಗೆ ಹಿತವಾದುದನ್ನು ಹೇಳಿ ಮುಗಿಸಿದ ಮೇಲೆ, ದೀರ್ಘಕಾಲದ ಅಭ್ಯಾಸದಿಂದ ಒಗ್ಗಿದುದನ್ನು ಓಕಸಾತ್ಮ್ಯವೆಂದು ಹೆಸರಿಸಿ, ದೇಶದ ಗುಣಕ್ಕೆ ವಿಪರೀತವಾದುದು ಆ ದೇಶದವರಿಗೆ ಸಾತ್ಮ್ಯವೆಂದೂ ಅವನು ಹೇಳುವನು. ವಿಧಿಯನ್ನು ಕೊಟ್ಟ ಕೈಯೇ ಅದನ್ನು ಸಡಿಲಿಸುವ ನಿಯಮವನ್ನೂ ಕೊಟ್ಟಿದೆ. ಇದಲ್ಲದೆ, ವ್ಯಾಯಾಮವನ್ನು ಬಿಟ್ಟು ತಂಪಾದ ಮನೆಯಲ್ಲಿ ಮಲಗಿದವನಿಗೆ ಉಪ್ಪಿನ ನಿಷೇಧವು ಸಲ್ಲಬಹುದು. ಬಿಸಿಲಿನಲ್ಲಿ ದುಡಿಯುವವನ ಬೆವರಿನೊಡನೆ ನೀರೂ ಉಪ್ಪೂ ಹೊರಹೋಗುವುವೆಂಬುದು ಇಂದಿನ ಶರೀರಶಾಸ್ತ್ರಕ್ಕೆ ನಿಶ್ಚಿತವಾದ ಸಂಗತಿ. ರೂಢಿಯು ಗ್ರಂಥವನ್ನು ಓದದೆಯೇ ಈ ನಷ್ಟವನ್ನು ತುಂಬುವ ದಾರಿಯನ್ನು ಕಂಡುಕೊಂಡಿತು.

೬

ಈ ವಿಚಾರವು ಪಾಂಡಿತ್ಯದ ಕುತೂಹಲಕ್ಕೆ ಮಾತ್ರ ಸೀಮಿತವಾದುದಲ್ಲ. ಶಹಾಬಾದಿನ ಕಲ್ಲುಗಣಿಗಳಲ್ಲಿ, ವಾಡಿಯ ಸಿಮೆಂಟಿನ ಕೆಲಸದಲ್ಲಿ, ಸೇಡಂ ಚಿಂಚೋಳಿಗಳ ತೊಗರಿಯ ಹೊಲಗಳಲ್ಲಿ ದುಡಿಯುವವರಿಗೆ ಗ್ರೀಷ್ಮಚರ್ಯೆಯೆಂದರೆ ಪಾನಕದ ಆಯ್ಕೆಯಲ್ಲ, ದುಡಿಮೆಯ ಹೊತ್ತಿನ ಆಯ್ಕೆ. ಶಾಸ್ತ್ರವು ವ್ಯಾಯಾಮವನ್ನು ನಿಷೇಧಿಸಿ ಹಗಲಿನ ವಿಶ್ರಾಂತಿಯನ್ನು ವಿಧಿಸಿದುದರ ತಾತ್ಪರ್ಯವು ನಡುಹಗಲನ್ನು ನೆರಳಿನಲ್ಲಿ ಕಳೆಯಬೇಕೆಂಬುದು. ಇತ್ತೀಚಿನ ವರ್ಷಗಳಲ್ಲಿ ರಾಜ್ಯಸರ್ಕಾರವು ಏಪ್ರಿಲ್ ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಕಚೇರಿಗಳ ವೇಳೆಯನ್ನು ಬೆಳಗಿನ ೮ರಿಂದ ಮಧ್ಯಾಹ್ನ ೧-೩೦ರ ವರೆಗೆ ಬದಲಿಸುತ್ತ ಬಂದಿರುವುದು ಅದೇ ತಾತ್ಪರ್ಯದ ಆಚರಣೆ. ಆದರೆ ಆ ಆಜ್ಞೆಯು ಮೇಜಿನ ಮುಂದೆ ಕುಳಿತವರನ್ನು ಕುರಿತುದು. ಕಲ್ಲು ಸೀಳುವವನಿಗೆ ಅದು ಎಷ್ಟು ಅವಶ್ಯಕವೆಂದು ಹೇಳಬೇಕಾದುದಿಲ್ಲ. ಬಿಸಿಲಿನ ಹೊಡೆತದಿಂದ ಮೈ ಸುಡುತ್ತ ಪ್ರಜ್ಞೆ ತಪ್ಪಿದವನಿಗೆ ಪಾನಕವು ಚಿಕಿತ್ಸೆಯಲ್ಲ. ಆಗ ನೆರಳು, ಮೈಮೇಲೆ ತಣ್ಣೀರು ಮತ್ತು ವಿಳಂಬವಿಲ್ಲದೆ ಆಸ್ಪತ್ರೆ ಇವೇ ಗತಿ.

ಒಟ್ಟಿನಲ್ಲಿ, ಮಾನ್ಯಖೇಟದ ಸೀಮೆಯ ಗ್ರೀಷ್ಮಚರ್ಯೆಯು ಗ್ರಂಥದ ಪ್ರತಿಬಿಂಬವೂ ಅಲ್ಲ, ಗ್ರಂಥವನ್ನರಿಯದ ಗೊಡ್ಡು ರೂಢಿಯೂ ಅಲ್ಲ. ಋತುವಿನ ಗಣನೆಯನ್ನು ಮಳೆಯು ತಿದ್ದಿತು. ಆಹಾರವನ್ನು ಉಗ್ರಾದಿತ್ಯನ ವಾದವು ತಿದ್ದಿತು. ಮಜ್ಜಿಗೆಯ ನಿಷೇಧವನ್ನು ದುಡಿಮೆಯು ತಿದ್ದಿತು. ರೂಢಿಯನ್ನು ಗೌರವಿಸಲು ಅದಕ್ಕೆ ಚರಕನ ಮುದ್ರೆಯನ್ನೊತ್ತಬೇಕಾದ ಅವಶ್ಯಕತೆಯಿಲ್ಲ. ಅದು ಈ ನೆಲದಲ್ಲಿ ಬಾಳಿದವರ ಅನುಭವವೆಂದು ಹೇಳಿದರೆ ಸಾಕು, ಅದೇ ಸತ್ಯವಾದುದು.